ಖಾಲಿ ಕಂಡ ಮೇಲ್ ಫೈಲು

ವಿರಾಜಪೇಟೆಯಲ್ಲಿ ನಾಲ್ಕೈದು ಎಸ್ಟೇಟ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಅದರ ಜೊತೆಗೆ 'ಕಂಪ್ಯೂಟರ್ ಗೊತ್ತಿರೋನು' ಅಂತ ಒಂದು ಹೆಸರು ಅಂಟಿಕೊಂಡಿದೆ. ಹಾಗಾಗಿ ಪ್ರಿಂಟರ್ ಪೇಪರ್ ಕಚ್ಚಿದರೂ ನನಗೇ ಫೋನ್. ಹೋದ ಜುಲೈನಲ್ಲಿ ಫೋನ್ ಬಂದದ್ದು ಕಕ್ಕಬೆಯಲ್ಲಿ ಹೋಮ್‌ಸ್ಟೇ ನಡೆಸುವ ಒಬ್ಬ ಆಂಟಿಯಿಂದ.

"ನೀನು ತೆಗೆದುಕೊಟ್ಟ ಮೇಲ್ ಫೈಲು ತೆರೆದೆ. ಒಳಗೆ ಏನೂ ಇಲ್ವಲ್ಲಪ್ಪಾ!"

ನನ್ನ ಎದೆ ಧಸಕ್ ಅಂತು. ಕಾರಣ ಇತ್ತು. ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ ಗೂಗಲ್ ಅವರಿಗೆ ಕೊಟ್ಟಿದ್ದ 15 ಜಿಬಿ ತುಂಬಿ ಹೊಸ ಬುಕಿಂಗ್ ಮೇಲ್‌ಗಳು ಬರುವುದೇ ನಿಂತಿತ್ತು. ನಮ್ಮ ಡೇಟಾ ಇಳಿಸಿಕೊಳ್ಳಲು ಗೂಗಲ್ ಕೊಡುವ ಟೇಕ್‌ಔಟ್‌ನಲ್ಲಿ ಎಲ್ಲ ಮೇಲ್‌ಗಳನ್ನೂ ಇಳಿಸಿ ಅವರ ಲ್ಯಾಪ್‌ಟಾಪ್‌ಗೆ ಹಾಕಿದವನು ನಾನೇ. "ಇನ್ನು ಹಳೇದು ಅಳಿಸಿ, ಪರವಾಗಿಲ್ಲ" ಅಂದವನೂ ನಾನೇ. ಒಂದು ಸಲವೂ ಆ ಫೈಲ್ ತೆರೆದು ನೋಡಿರಲಿಲ್ಲ.

"ಅಳಿಸಿ ಎಷ್ಟು ದಿನ ಆಯ್ತು ಆಂಟಿ?"

"ಒಂದು ಮೂರು ವಾರ ಆಗಿರಬೇಕು."

ಜಿಮೇಲ್‌ನಲ್ಲಿ ಅಳಿಸಿದ ಮೇಲ್ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಯ್ತು. ಮಳೆ ನೋಡುತ್ತಾ ಕೂರುವಂತಿರಲಿಲ್ಲ. ನಾಪೋಕ್ಲು ದಾಟುವಾಗ ವೈಪರ್‌ಗೂ ದಾರಿ ಕಾಣದಂಥ ಮಳೆ. ಹೋದರೆ ಅಲ್ಲಿ ಕರೆಂಟ್ ಇಲ್ಲ, ಸಿಗ್ನಲ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ. ಅಲ್ಲೇ ಕುರ್ಚಿ ಹಾಕಿಕೊಂಡು, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಟ್ರ್ಯಾಶ್‌ನಲ್ಲಿದ್ದ ಅಷ್ಟನ್ನೂ ಇನ್‌ಬಾಕ್ಸ್‌ಗೆ ವಾಪಸ್ ಹಾಕಿದೆ. ಟ್ರ್ಯಾಶ್‌ನಲ್ಲಿ ಇರುವುದೂ ಆ 15 ಜಿಬಿ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ವಾಪಸ್ ತಂದರೆ ಜಾಸ್ತಿ ಜಾಗವೇನೂ ಬೇಕಿಲ್ಲ. ಈ ಕೆಲಸ ಮುಗಿದ ಮೇಲೆಯೇ ಆಂಟಿ ಕೊಟ್ಟ ಕಾಫಿಯ ರುಚಿ ಗೊತ್ತಾಗಿದ್ದು.

ಆಮೇಲೆ ನಿಧಾನವಾಗಿ ಫೈಲ್ ಕಡೆ ಬಂದೆ. ಮೊದಲು ನೋಡಿದ್ದು ಅದರ ಗಾತ್ರ. ಟೇಕ್‌ಔಟ್ ಕೊಟ್ಟ ಮೇಲ್ ಫೈಲು, ಅಂದರೆ ಎಂಬಾಕ್ಸ್ ಫೈಲು, 6.8 ಜಿಬಿ ಇತ್ತು. ಜೀವ ಬಂದಂತಾಯಿತು. 6.8 ಜಿಬಿ ಇರುವ ಫೈಲ್ ಖಾಲಿ ಇರುವುದು ಹೇಗೆ? ಅದೇ ಸೊನ್ನೆಯೋ ಒಂದೆರಡು ಕೆಬಿಯೋ ಇದ್ದಿದ್ದರೆ ಮೇಲ್‌ಗಳು ಇಳಿದೇ ಇಲ್ಲ ಅಂತ. ಟೇಕ್‌ಔಟ್‌ನಲ್ಲಿ ಬರೀ ಕೆಲವು ಲೇಬಲ್‌ಗಳನ್ನು (ಜಿಮೇಲ್‌ನಲ್ಲಿ ಇವು ಫೋಲ್ಡರ್ ಇದ್ದಂತೆ) ಆರಿಸಿಕೊಳ್ಳಲು ಅವಕಾಶ ಇದೆ. ಏನೂ ಇಲ್ಲದ ಲೇಬಲ್‌ಗೆ ಟಿಕ್ ಹಾಕಿದ್ದರೂ ಹಾಗೇ ಆಗುತ್ತದೆ.

ಎರಡನೆಯದು, ಒಳಗಿರುವುದು ಮೇಲೇ ಹೌದಾ ಅಂತ. ಇಷ್ಟು ದೊಡ್ಡ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಲು ಹೋಗಬೇಡಿ, ಲ್ಯಾಪ್‌ಟಾಪ್ ಕೈಕಾಲು ಬಿಡುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಗೆಟ್-ಕಂಟೆಂಟ್ ಅನ್ನುವ ಕಮಾಂಡ್‌ಗೆ ಟೋಟಲ್‌ಕೌಂಟ್ 20 ಅಂತ ಸೇರಿಸಿ ಕೊಟ್ಟೆ. ಮೊದಲ ಇಪ್ಪತ್ತು ಸಾಲು ಮಾತ್ರ ಬಂತು. ಮೊದಲ ಸಾಲು 'ಫ್ರಮ್' ಅಂತ ಶುರುವಾಗಿ, ಒಂದು ಉದ್ದನೆಯ ಸಂಖ್ಯೆ, ಆಮೇಲೆ ತಾರೀಖು. ಎಂಬಾಕ್ಸ್ ಅಂದರೆ ಇಷ್ಟೇ: ಎಲ್ಲ ಮೇಲ್‌ಗಳನ್ನೂ ಒಂದೇ ಫೈಲಿನಲ್ಲಿ ಒಂದರ ಹಿಂದೆ ಒಂದು ಅಂಟಿಸಿರುತ್ತಾರೆ, ಒಂದೊಂದರ ತಲೆ ಮೇಲೂ ಈ 'ಫ್ರಮ್' ಸಾಲು. ಅದರ ಕೆಳಗೆ ಜಿಮೇಲ್ ಲೇಬಲ್‌ಗಳ ಸಾಲೂ ಇತ್ತು. ಸರಿ, ಮೇಲ್ ಇದೆ.

ಇಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಆಂಟಿಗೆ ಬೇಕಿದ್ದದ್ದು ಕಾಫಿ ಸಂಸ್ಕರಿಸುವ ಕ್ಯೂರಿಂಗ್‌ನಿಂದ ಬಂದ ಹಳೆಯ ಔಟ್‌ಟರ್ನ್ ರಿಪೋರ್ಟ್‌ಗಳು. ಔಟ್‌ಟರ್ನ್ ಅಂದರೆ ಒಣ ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ. ರೋಬಸ್ಟಾ ಚೆರ್ರಿಗೆ ರೇಟು ಕಟ್ಟುವುದೇ ಔಟ್‌ಟರ್ನ್ ಮೇಲೆ, ಅಲ್ವಾ? ಆ ಮೇಲ್‌ಗಳಿಗೆ ಕಳಿಸಿದವರು ಕನ್ನಡದಲ್ಲೇ ಸಬ್ಜೆಕ್ಟ್ ಬರೆದಿದ್ದರು. ನಾನು ನೇರ ಆ ಫೈಲಿನಲ್ಲೇ ಕನ್ನಡದ 'ಔಟ್‌ಟರ್ನ್' ಹುಡುಕಿದೆ. ಒಂದೂ ಸಿಗಲಿಲ್ಲ. ಮತ್ತೆ ಬೆವರು. ಐದು ನಿಮಿಷ ಬಿಟ್ಟು ಹೊಳೆಯಿತು: ಕನ್ನಡ ಅಕ್ಷರಗಳು ಮೇಲ್ ಫೈಲಿನಲ್ಲಿ ಕನ್ನಡವಾಗಿ ಕೂರುವುದು ಅಪರೂಪ. ಸಾಮಾನ್ಯವಾಗಿ ಅವನ್ನು ಬೇಸ್64 ಅನ್ನುವ ಸಂಕೇತಕ್ಕೆ ತಿರುಗಿಸಿಟ್ಟಿರುತ್ತಾರೆ. ಸಬ್ಜೆಕ್ಟ್ ಸಾಲಿನಲ್ಲಿ ಸಮ ಚಿಹ್ನೆ, ಪ್ರಶ್ನೆ ಚಿಹ್ನೆ, ಯುಟಿಎಫ್-8, ಆಮೇಲೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದೇ ಇದು. ಗೆಸ್ಟ್‌ಗಳು ಕಳಿಸಿದ ಫೋಟೋಗಳದ್ದೂ ಇದೇ ಕಥೆ. ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ, ಫೈಲ್ ದಪ್ಪಗಾಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಹಸಿ ಫೈಲಿನಲ್ಲಿ ಹುಡುಕಿ ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ.

ಹಾಗಾದರೆ ಥಂಡರ್‌ಬರ್ಡ್‌ನಲ್ಲಿ, ಅಂದರೆ ಆಂಟಿ ಆ ಫೈಲು ತೆರೆದ ಮೇಲ್ ಓದುವ ಪ್ರೋಗ್ರಾಮ್‌ನಲ್ಲಿ, ಯಾಕೆ ಕಾಣುತ್ತಿಲ್ಲ? ಅದರ ಲೋಕಲ್ ಫೋಲ್ಡರ್ಸ್ ಇರುವ ಜಾಗ ತೆರೆದೆ. ದೊಡ್ಡ ಫೈಲಿನ ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು, ಕೊನೆಗೆ 'ಎಂಎಸ್‌ಎಫ್' ಅಂತ ಇರುವುದು. ಅದರ ಗಾತ್ರ 2 ಕೆಬಿ. ಇದೇ ಇಂಡೆಕ್ಸ್. ಮೇಲ್‌ಗಳ ಪಟ್ಟಿ ತೋರಿಸುವಾಗ ಥಂಡರ್‌ಬರ್ಡ್ ನೋಡುವುದು ಇದನ್ನು. ಪುಸ್ತಕ ಪೂರ್ತಿ ಇದೆ, ಪರಿವಿಡಿಯಲ್ಲಿ ಏನೂ ಬರೆದಿಲ್ಲ. ಅವತ್ತು ಏನಾಗಿತ್ತು ಅಂತಲೂ ನೆನಪಾಯಿತು. ಕಾಪಿ ಅರ್ಧ ಆಗಿರುವಾಗಲೇ ನಾನು ಅವಸರದಲ್ಲಿ ಥಂಡರ್‌ಬರ್ಡ್ ತೆರೆದಿದ್ದೆ. ಆಗ ಬರೆದುಕೊಂಡ ಖಾಲಿ ಇಂಡೆಕ್ಸೇ ಉಳಿದುಬಿಟ್ಟಿತ್ತು ಅಂತ ನನ್ನ ಲೆಕ್ಕ.

ಥಂಡರ್‌ಬರ್ಡ್ ಪೂರ್ತಿ ಮುಚ್ಚಿದೆ. ಆ ಎಂಎಸ್‌ಎಫ್ ಫೈಲ್ ಒಂದನ್ನು ಮಾತ್ರ ಅಳಿಸಿದೆ. ದೊಡ್ಡದನ್ನು ಮುಟ್ಟಬಾರದು, ಮೇಲ್ ಇರುವುದು ಅದರಲ್ಲಿ. ಮತ್ತೆ ತೆರೆದು ಫೋಲ್ಡರ್ ಮೇಲೆ ಕ್ಲಿಕ್ ಮಾಡಿ ಸುಮ್ನೆ ಕೂತೆ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿರುವ ರಿಪೇರ್ ಫೋಲ್ಡರ್ ಒತ್ತಿದರೂ ಇದೇ ಕೆಲಸ ಆಗುತ್ತದೆ. ಹಳೇ ಹಾರ್ಡ್ ಡಿಸ್ಕ್, ಲ್ಯಾಪ್‌ಟಾಪ್ ಬ್ಯಾಟರಿ 40 ಪರ್ಸೆಂಟ್. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ದಬದಬ ಅಂತ ಮೇಲ್‌ಗಳು ಬಂದು ಬಿದ್ದವು. ಆಂಟಿ ಹುಡುಕಿದ ಮೊದಲ ಮೇಲ್ ಔಟ್‌ಟರ್ನ್‌ದಲ್ಲ, 2018ರ ಆಗಸ್ಟಿನದು. ಕೊಡಗಿನಲ್ಲಿ ಗುಡ್ಡ ಕುಸಿದ ಆ ವಾರ, ಹಿಂದೆ ಬಂದುಹೋದ ಗೆಸ್ಟ್ ಒಬ್ಬರು "ನೀವೆಲ್ಲ ಕ್ಷೇಮವೇ?" ಅಂತ ಬರೆದದ್ದು.

ಹಳೇ (ಕ್ಲಾಸಿಕ್) ಔಟ್‌ಲುಕ್ ಬಳಸುವವರಿಗೆ ಒಂದು ಮಾತು, ಗೋಣಿಕೊಪ್ಪದ ಇನ್ನೊಬ್ಬರ ಕೆಲಸದಲ್ಲಿ ಕಲಿತದ್ದು. ಅವರ ಪಿಎಸ್‌ಟಿ ಫೈಲಿನಲ್ಲಿ (ಔಟ್‌ಲುಕ್‌ನಿಂದ ಮೇಲ್ ತೆಗೆದಿಡುವ ಫೈಲು) ಈಚಿನ ಒಂದು ವರ್ಷದ ಮೇಲ್ ಮಾತ್ರ ಇತ್ತು, ಹಳೇ ಫೋಲ್ಡರ್‌ಗಳೆಲ್ಲ ಬರೀ ಹೆಸರು. ಔಟ್‌ಲುಕ್ ಎಕ್ಸ್‌ಪೋರ್ಟ್ ಮಾಡುವುದು ಕಂಪ್ಯೂಟರಿಗೆ ಇಳಿದಿರುವ ಮೇಲ್‌ಗಳನ್ನು. ಆಫ್‌ಲೈನ್ ಎಷ್ಟು ಕಾಲದ್ದು ಇಡಬೇಕು ಅನ್ನುವ ಸೆಟ್ಟಿಂಗ್ ಅಕೌಂಟ್‌ನಲ್ಲಿದೆ, ಅದು ಒಂದು ವರ್ಷಕ್ಕೆ ನಿಂತಿತ್ತು. 'ಆಲ್'ಗೆ ಎಳೆದು, ರಾತ್ರಿ ಇಡೀ ಇಳಿಯಲು ಬಿಟ್ಟು, ಬೆಳಿಗ್ಗೆ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆವು. ಅಕೌಂಟ್ ಇನ್ನೂ ಜೀವಂತ ಇತ್ತು, ಅದೃಷ್ಟ.

ಕಕ್ಕಬೆಯಿಂದ ಹೊರಡುವ ಮೊದಲು ಒಂದೊಂದು ವರ್ಷದಿಂದ ಎರಡೆರಡು ಮೇಲ್ ತೆರೆದು, ಅಟ್ಯಾಚ್‌ಮೆಂಟ್ ಬರುತ್ತದಾ ನೋಡಿದೆ. ಆಂಟಿ ಕೇಳಿದರು, "ಈಗಲಾದರೂ ಅಳಿಸಲಾ?"

"ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಹಾಕೋವರೆಗೆ ಬೇಡ ಆಂಟಿ."

ಮುಂದಿನ ವಾರ ಡಿಸ್ಕ್ ತಗೊಂಡು ಹೋದೆ. ಹಳೆಯ ಪೆನ್‌ಡ್ರೈವ್ ಆಗುವುದಿಲ್ಲ, ಅದು ಫ್ಯಾಟ್32, 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಕಾಪಿ ಮುಗಿದ ಮೇಲೆ ಫೈಲಿನ ಗಾತ್ರ, ಮೇಲ್‌ಗಳ ಎಣಿಕೆ, ತೆರೆದು ನೋಡಿದ ತಾರೀಖು ಮೂರನ್ನೂ ಚೀಟಿಯಲ್ಲಿ ಬರೆದೆ. ಆಂಟಿ ಅದನ್ನು ಡಿಸ್ಕ್‌ಗೆ ಸೆಲೋ ಟೇಪ್‌ನಲ್ಲಿ ಅಂಟಿಸಿದರು.