ಆತಂಕದ ಮಾತ್ರೆ ಬಿಡುವುದು ಹೇಗೆ? ನಿಧಾನಕ್ಕೆ, ಲೆಕ್ಕ ಹಾಕಿ, ಜೊತೆಗೊಬ್ಬರನ್ನು ಇಟ್ಟುಕೊಂಡು

ಕೊಳೆ ರೋಗಕ್ಕೆ ಅಡಿಕೆ ಫಸಲು ಹೋಗಿ ಸಾಲ ಮೈಮೇಲೆ ಬಂದ ವರ್ಷ. ಮನೆಯಲ್ಲಿ ಸಾವಾದ ವರ್ಷ. ಹೆರಿಗೆಯಾದ ಮೇಲೆ ನಿದ್ದೆಯೇ ಹತ್ತದ ವರ್ಷ. ಇಂಥ ಯಾವುದೋ ಕಷ್ಟದ ಹೊತ್ತಿನಲ್ಲಿ ಡಾಕ್ಟರ್ ಸಣ್ಣದೊಂದು ಮಾತ್ರೆ ಬರೆದಿರುತ್ತಾರೆ. ಎದೆ ಢವಢವ ನಿಲ್ಲುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಹದಿನೈದು ದಿನಕ್ಕೆಂದು ಬರೆದ ಮಾತ್ರೆ ಹತ್ತು ವರ್ಷ ನಡೆದುಬಿಡುತ್ತದೆ.

ಈಗ ಬಿಡಬೇಕು ಅನ್ನಿಸಿದೆ. ಮರೆವು ಜಾಸ್ತಿಯಾಗಿದೆ. ಬೆಳಿಗ್ಗೆ ತಲೆ ಭಾರ. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಜೋಲಿ ಹೊಡೆಯುತ್ತದೆ. ವಯಸ್ಸಾದವರು ಹೀಗೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಈ ಮಾತ್ರೆಗಳ ದೊಡ್ಡ ತೊಂದರೆಗಳಲ್ಲಿ ಒಂದು. ಹಾಗಾಗಿ ಬಿಡುವ ಯೋಚನೆ ಒಳ್ಳೆಯದೇ. ಆದರೆ ಇವತ್ತೇ ಬಿಡಬೇಡಿ. ವರ್ಷಗಟ್ಟಲೆ ದಿನವೂ ತೆಗೆದುಕೊಂಡ ಆತಂಕದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಜೀವಕ್ಕೂ ಅಪಾಯ ಆಗಬಹುದು.

ಥಟ್ಟನೆ ಬಿಟ್ಟರೆ ಏನಾಗುತ್ತದೆ?

ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಗಳ ಉದ್ವೇಗವನ್ನು ತಗ್ಗಿಸುವುದು ಅದರ ಕೆಲಸ. ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್ ಮಾತ್ರೆಗಳು ಈ ಗಾಬಾದ ಬಲವನ್ನು ಹೆಚ್ಚಿಸುತ್ತವೆ. ಇವೆಲ್ಲ ಬೆಂಜೋಡಯಾಜೆಪೈನ್ ಎಂಬ ಗುಂಪಿಗೆ ಸೇರಿದವು. ಗುಂಪಿನ ಮೊದಲ ಮಾತ್ರೆ ಮಾರುಕಟ್ಟೆಗೆ ಬಂದದ್ದು 1960ರಲ್ಲಿ, ಡಯಾಜೆಪಾಮ್ ಬಂದದ್ದು 1963ರಲ್ಲಿ. ಎಟಿಜೋಲಾಮ್‌ನ ರಚನೆ ಸ್ವಲ್ಪ ಬೇರೆ, ಕೆಲಸ ಮಾತ್ರ ಇದೇ.

ದಿನವೂ ಹೊರಗಿನಿಂದ ಸಹಾಯ ಬರುತ್ತಿದ್ದರೆ ಮೆದುಳು ಅದಕ್ಕೆ ತಕ್ಕ ಹಾಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಎಳೆಯ ಅಡಿಕೆ ಸಸಿಗೆ ನೆರಳಾಗಲಿ ಅಂತ ಬಾಳೆ ಹಾಕುತ್ತೇವೆ. ಬಾಳೆಯನ್ನೆಲ್ಲ ಒಂದೇ ದಿನ ಕಡಿದರೆ ಸಸಿ ಬಿಸಿಲಿಗೆ ಸುಟ್ಟುಹೋಗುತ್ತದೆ ಅಲ್ವಾ? ಇಲ್ಲಿಯೂ ಹಾಗೆಯೇ. ಮೆದುಳಿಗೆ ಮತ್ತೆ ಹೊಂದಿಕೊಳ್ಳಲು ಸಮಯ ಕೊಡಬೇಕು.

ಒಂದು ಮಾತನ್ನು ಇಲ್ಲೇ ಹೇಳಬೇಕು. ಬಿಡಲು ಕಷ್ಟವಾಗುತ್ತಿದೆ ಎಂದರೆ ನಿಮ್ಮ ಮನಸ್ಸು ದುರ್ಬಲ ಎಂದಲ್ಲ. ಡಾಕ್ಟರ್ ಹೇಳಿದಷ್ಟೇ, ಹೇಳಿದ ಹಾಗೆಯೇ ತೆಗೆದುಕೊಂಡವರಿಗೂ ಹೀಗಾಗುತ್ತದೆ. ಕೆಲವು ದಿನ ಅಥವಾ ವಾರ ಸತತವಾಗಿ ತೆಗೆದುಕೊಂಡರೂ ದೇಹ ಇದಕ್ಕೆ ಒಗ್ಗಿಬಿಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಇಡೀ ಗುಂಪಿನ ಬಗ್ಗೆ ಎಚ್ಚರಿಕೆ ಕೊಟ್ಟಿತು. ‘ಗಟ್ಟಿ ಮನಸ್ಸು ಮಾಡು, ಬಿಟ್ಟುಬಿಡು’ ಎಂದು ಹೇಳುವ ನೆಂಟರು ಇದನ್ನು ಓದಬೇಕು.

ಹಂತ 1: ನುಂಗುತ್ತಿರುವುದು ಏನು ಅಂತ ತಿಳಿದುಕೊಳ್ಳಿ

ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳ ಕೈಲಿ ಓದಿಸಿ. ಮಾತ್ರೆಯ ಕಂಪನಿ ಹೆಸರಲ್ಲ, ಅದರೊಳಗಿನ ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎನ್ನುವುದು ಬೇಕು.

ನಮ್ಮಲ್ಲಿ ಇದು ಯಾಕೆ ಮುಖ್ಯ ಅಂದರೆ, ಎರಡು ಔಷಧ ಸೇರಿದ ಮಾತ್ರೆಗಳು ಇಲ್ಲಿ ತುಂಬಾ ಓಡುತ್ತವೆ. ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಸೇರಿರುತ್ತದೆ. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಜೊತೆ ಅಲ್ಪ್ರಾಜೋಲಾಮ್ ಸೇರಿರುತ್ತದೆ. ಇಂಥ ಮಾತ್ರೆಯನ್ನು ಅರ್ಧ ಮಾಡಿದರೆ ಎರಡೂ ಔಷಧ ಒಟ್ಟಿಗೆ ಅರ್ಧವಾಗುತ್ತವೆ. ಪ್ರೊಪ್ರನೊಲಾಲ್ ಅನ್ನೂ ಥಟ್ಟನೆ ನಿಲ್ಲಿಸುವಂತಿಲ್ಲ, ಹೃದಯದ ತೊಂದರೆ ಇದ್ದವರಂತೂ ಖಂಡಿತ ಕೂಡದು. ಜೋಡಿ ಮಾತ್ರೆ ಇದ್ದರೆ ಡಾಕ್ಟರು ಮೊದಲು ಅವುಗಳನ್ನು ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಬೇಕು. ಕಡಿಮೆ ಮಾಡುವ ಕೆಲಸ ಆಮೇಲಿನದು.

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯ ಹೆಸರಿನ ಮುಂದೆ ‘ಎಸ್‌ಆರ್’ ಎಂದು ಇರುತ್ತದೆ. ಅದನ್ನು ತುಂಡು ಮಾಡಲೇಬಾರದು. ಬಾಯಲ್ಲಿ ಕರಗುವ ಮಾತ್ರೆ ತುಂಡು ಮಾಡಲು ಹೋದರೆ ಪುಡಿಯಾಗುತ್ತದೆ.

ಹಂತ 2: ಯಾರ ಹತ್ತಿರ ಹೋಗಬೇಕು?

ಮಾತ್ರೆ ಬರೆದ ಡಾಕ್ಟರನ್ನೇ ಮೊದಲು ಕೇಳಿ. ‘ಇದನ್ನು ನಿಧಾನವಾಗಿ ಬಿಡಬೇಕು, ನೀವು ಜೊತೆಗಿರುತ್ತೀರಾ?’ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಅವರಿಗೆ ಸಮಯವಿಲ್ಲ ಎಂದರೆ ಮನೋವೈದ್ಯರನ್ನು ನೋಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಎಂಬ ಸರ್ಕಾರಿ ಕಾರ್ಯಕ್ರಮವಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ವಿಚಾರಿಸಿಕೊಂಡು ಹೊರಡಿ. ಬಸ್ಸಿನ ದಾರಿ ಸುಮ್ನೆ ದಂಡವಾಗುವುದು ಬೇಡ.

ಡಾಕ್ಟರಿಗೆ ಹೇಳಲೇಬೇಕಾದ ಸಂಗತಿಗಳಿವೆ. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದೆಯೇ, ಕುಡಿಯುವ ಅಭ್ಯಾಸವಿದೆಯೇ, ಗರ್ಭಿಣಿಯೇ, ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ನಡೆಯುತ್ತಿದೆಯೇ, ಸಾಯುವ ಯೋಚನೆ ಬಂದಿದೆಯೇ. ಹೆಂಡತಿಯ ಎದುರು ಕುಡಿತದ ಬಗ್ಗೆ ಹೇಳಲು ಸಂಕೋಚವಾದರೆ ಅವರನ್ನು ಎರಡು ನಿಮಿಷ ಹೊರಗೆ ಕೂರಿಸಿ ಹೇಳಿ. ಮುಚ್ಚಿಡಬೇಡಿ. ಇವುಗಳಲ್ಲಿ ಯಾವುದಾದರೂ ಇದ್ದರೆ ಮನೆಯಲ್ಲಿ ಕೂತು ಮಾತ್ರೆ ಇಳಿಸುವುದು ಸರಿಯಲ್ಲ. ಕೆಲವರನ್ನು ಆಸ್ಪತ್ರೆಗೆ ಸೇರಿಸಿಯೇ ಇಳಿಸಬೇಕಾಗುತ್ತದೆ.

ಹಂತ 3: ಶುರು ಮಾಡುವ ಕಾಲ ನೋಡಿ

ಮಲೆನಾಡಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಂದು ಮನೆಯಿಡೀ ರಾತ್ರಿ ಎದ್ದಿರುವ ತಿಂಗಳಲ್ಲಿ ಮೊದಲ ಇಳಿಕೆ ಬೇಡ. ಮನೆಯಲ್ಲಿ ಮದುವೆ ಇದ್ದಾಗಲೂ ಬೇಡ. ಇಳಿಸಿದ ಹೊಸದರಲ್ಲಿ ಮೈ ನಡುಗಬಹುದು, ತಲೆ ತಿರುಗಬಹುದು. ಆಗ ಮರ ಹತ್ತುವುದು, ಸುಲಿಯುವ ಯಂತ್ರದ ಮುಂದೆ ಕೂರುವುದು, ಘಾಟಿಯಲ್ಲಿ ಗಾಡಿ ಓಡಿಸುವುದು ಅಪಾಯ.

ಜೂನ್ ಬರುವ ಮೊದಲು ಮಾತ್ರೆಯ ದಾಸ್ತಾನು ನೋಡಿಕೊಳ್ಳಿ. ತೀರ್ಥಹಳ್ಳಿ ಕಡೆಯ ಎಷ್ಟೋ ಜನ ತೋರಿಸಲು ಮಣಿಪಾಲಕ್ಕೆ ಹೋಗುತ್ತಾರೆ. ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಕಟ್ಟಿದ ದಿನ ಡಬ್ಬಿಯಲ್ಲಿ ಒಂದು ಮಾತ್ರೆಯೂ ಉಳಿದಿಲ್ಲ ಎಂದಾಗಬಾರದು. ಅಲ್ಪ್ರಾಜೋಲಾಮ್, ಡಯಾಜೆಪಾಮ್ ಮುಂತಾದವು ಎಚ್1 ಎಂಬ ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಇವುಗಳ ಮಾರಾಟವನ್ನು ಮೆಡಿಕಲ್ ಶಾಪಿನವರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಚೀಟಿ ಇಲ್ಲದೆ ಅವರು ಕೊಡುವಂತಿಲ್ಲ. ಅದು ಸರಿಯಾದ ಕಾನೂನೇ. ಅದಕ್ಕೇ ಚೀಟಿಯನ್ನು ಮುಂಚಿತವಾಗಿ ಬರೆಸಿಕೊಳ್ಳಿ ಎನ್ನುವುದು.

ಹಂತ 4: ಇಳಿಸುವ ಲೆಕ್ಕ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವುದಕ್ಕೆಂದೇ ಕ್ಲಿನಿಕ್ ನಡೆಸಿದರು. ರೋಗಿಗೆ ತಾಳುವ ವೇಗದಲ್ಲೇ ಇಳಿಸಬೇಕು ಎನ್ನುವುದು ಅವರ ದಾರಿ. 2025ರಲ್ಲಿ ಅಮೆರಿಕದ ವ್ಯಸನ ವೈದ್ಯರ ಸಂಘ ಬೇರೆ ವೈದ್ಯ ಸಂಘಗಳ ಜೊತೆ ಸೇರಿ ತಂದ ಮಾರ್ಗಸೂಚಿಯೂ ಅದೇ ಧಾಟಿಯಲ್ಲಿದೆ. 2ರಿಂದ 4 ವಾರಕ್ಕೊಮ್ಮೆ, ಆಗ ತೆಗೆದುಕೊಳ್ಳುತ್ತಿರುವ ಡೋಸಿನ ಶೇ 5ರಿಂದ 10ರಷ್ಟು ಕಡಿಮೆ ಮಾಡಿ ಶುರು ಮಾಡಿ ಎನ್ನುತ್ತದೆ ಅದು. 2 ವಾರಕ್ಕೆ ಶೇ 25ನ್ನು ಸಾಮಾನ್ಯವಾಗಿ ಮೀರಬಾರದು.

ಹೇಳುವುದು ಸುಲಭ. ಅಲ್ಪ್ರಾಜೋಲಾಮ್ 0.5 ಮಿಲಿಗ್ರಾಂ ಮಾತ್ರೆಯಲ್ಲಿ ಶೇ 10 ಅಂದರೆ 0.05 ಮಿಲಿಗ್ರಾಂ. ಮನೆಯಲ್ಲಿ ಅಷ್ಟು ಸಣ್ಣ ಚೂರು ಮಾಡಲು ಆಗುವುದಿಲ್ಲ. ನಾಲ್ಕು ಭಾಗ ಮಾಡಿದರೂ ಒಂದು ಚೂರು ಶೇ 25 ಆಗಿಬಿಡುತ್ತದೆ. ಅದಕ್ಕೇ ಕೆಲವು ವೈದ್ಯರು ಮೊದಲು ನಿಧಾನವಾಗಿ ಡಯಾಜೆಪಾಮ್‌ಗೆ ಬದಲಾಯಿಸುತ್ತಾರೆ. ಅದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. 2 ಮಿಲಿಗ್ರಾಂನ ಸಣ್ಣ ಮಾತ್ರೆಯೂ ಇರುವುದರಿಂದ ಸಣ್ಣ ಸಣ್ಣದಾಗಿ ಇಳಿಸಬಹುದು. ಆದರೆ ಲಿವರ್ ತೊಂದರೆ ಇದ್ದವರಿಗೆ, ವಯಸ್ಸಾದವರಿಗೆ ಇದು ಎಲ್ಲ ಸಲ ಹೊಂದುವುದಿಲ್ಲ. ಬದಲಾಯಿಸುವ ನಿರ್ಧಾರ ಪೂರ್ತಿ ಡಾಕ್ಟರದ್ದು.

ಲೆಕ್ಕ ಹೇಗಿರುತ್ತದೆ ಅಂತ ತಿಳಿಯಲು ಒಂದು ಉದಾಹರಣೆ. ದಿನಕ್ಕೆ 10 ಮಿಲಿಗ್ರಾಂ ಡಯಾಜೆಪಾಮ್ ತೆಗೆದುಕೊಳ್ಳುವವರು ಮೊದಲು 9ಕ್ಕೆ ಇಳಿಯುತ್ತಾರೆ. 2ರಿಂದ 4 ವಾರ ಅಲ್ಲೇ ಇರುತ್ತಾರೆ. ಮೈ ಒಗ್ಗಿದ ಮೇಲೆ 8. ಹೀಗೆ 5ಕ್ಕೆ ಬಂದಾಗ 1 ಮಿಲಿಗ್ರಾಂ ಅಂದರೆ ಶೇ 20 ಆಗಿರುತ್ತದೆ. ಅಲ್ಲಿಂದ ಕೆಳಗೆ ಅರ್ಧರ್ಧ ಮಿಲಿಗ್ರಾಂ ಇಳಿಸುತ್ತಾರೆ. ಒಟ್ಟು ಲೆಕ್ಕ ಹಾಕಿದರೆ ಬೇಗ ಅಂದರೂ ಆರೇಳು ತಿಂಗಳು, ಎಷ್ಟೋ ಜನರಿಗೆ ಒಂದು ವರ್ಷಕ್ಕೂ ಮೇಲೆ. ಇದನ್ನು ನೋಡಿಕೊಂಡು ನೀವೇ ಶುರು ಮಾಡಬೇಡಿ. ನಿಮ್ಮ ಮಾತ್ರೆ ಬೇರೆ, ನಿಮ್ಮ ದೇಹ ಬೇರೆ.

ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುವ ಉಪಾಯ ಹಲವರು ಮಾಡುತ್ತಾರೆ. ಅದು ಸರಿಯಲ್ಲ. ಔಷಧದ ಮಟ್ಟ ರಕ್ತದಲ್ಲಿ ಏರಿಳಿಯುತ್ತದೆ, ಮೈಮನಸ್ಸು ಎರಡೂ ಅಲ್ಲಾಡುತ್ತವೆ. ದಿನವೂ ಅದೇ ಹೊತ್ತಿಗೆ, ಅದೇ ಡೋಸ್ ಇರಲಿ.

ಮಾತ್ರೆಯನ್ನು ಅಡಕತ್ತರಿಯಲ್ಲಿ ತುಂಡು ಮಾಡಬೇಡಿ. ಚೂರುಗಳು ಸಮ ಬರುವುದಿಲ್ಲ. ಇದಕ್ಕೆಂದೇ ಇರುವ ಸಣ್ಣ ಕಟರ್ ಸಿಗುತ್ತದೆ, ಮೆಡಿಕಲ್ ಶಾಪಿನಲ್ಲಿ ಕೇಳಿ. ಮಳೆಗಾಲದ ತೇವಕ್ಕೆ ತುಂಡು ಮಾಡಿದ ಮಾತ್ರೆ ಮೆತ್ತಗಾಗುತ್ತದೆ. ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಕತ್ತರಿಸಿ, ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಡಿ.

ಹಂತ 5: ಬರುವ ತೊಂದರೆಗಳನ್ನು ಗುರುತಿಸಿ

ಇಳಿಸಿದ ಮೇಲೆ ನಿದ್ದೆ ಕೆಡಬಹುದು. ಬೆವರು, ಕೈ ನಡುಕ, ಸ್ನಾಯು ಸೆಳೆತ, ಸಿಡುಕು ಕಾಣಿಸಬಹುದು. ಮಿಕ್ಸಿಯ ಸದ್ದು, ಟ್ಯೂಬ್‌ಲೈಟಿನ ಬೆಳಕು ಕೂಡ ತಡೆಯಲಾಗದಷ್ಟು ಚುಚ್ಚಬಹುದು. ಅಲ್ಪ್ರಾಜೋಲಾಮ್ ಬೇಗ ಖಾಲಿಯಾಗುವ ಔಷಧ, ಒಂದೆರಡು ದಿನದಲ್ಲೇ ತೊಂದರೆ ಶುರುವಾಗುತ್ತದೆ. ಕ್ಲೋನಾಜೆಪಾಮ್, ಡಯಾಜೆಪಾಮ್ ಆದರೆ ಹಲವು ದಿನ ತಡವಾಗಿ ಬರಬಹುದು. ಹಾಗಾಗಿ ಮೂರು ದಿನ ಆರಾಮಾಗಿದ್ದೇನೆ ಅಂತ ಮತ್ತೊಂದು ಚೂರು ಬಿಡಬೇಡಿ.

ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಇವತ್ತಿನ ಡೋಸ್, ನಿದ್ದೆಯ ಗಂಟೆ, ಆತಂಕಕ್ಕೆ 10ರಲ್ಲಿ ಎಷ್ಟು ಅಂಕ. ಡಾಕ್ಟರಿಗೆ ‘ಒಂಥರಾ ಆಗ್ತದೆ’ ಎನ್ನುವುದಕ್ಕಿಂತ ಇದು ಎಷ್ಟೋ ಉಪಯೋಗ. ತೊಂದರೆ ಜಾಸ್ತಿಯಾದರೆ ಡಾಕ್ಟರಿಗೆ ಫೋನ್ ಮಾಡಿ, ಅದೇ ಡೋಸಿನಲ್ಲಿ ಇನ್ನಷ್ಟು ವಾರ ನಿಲ್ಲಬಹುದು. ನಿಂತರೆ ಸೋಲಲ್ಲ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಜನರಿಗೆ ಗೊತ್ತಿರಲೇಬೇಕಾದ ಸಂಗತಿ ಇದು. ತಾಳಲಾರದೆ ಪೂರ್ತಿ ಹಳೆಯ ಡೋಸಿಗೆ ಮರಳುವವರಲ್ಲಿ ಎಷ್ಟೋ ಜನರಿಗೆ ನಡುವೆ ನಿಲ್ಲಬಹುದು ಅಂತ ಯಾರೂ ಹೇಳಿರುವುದಿಲ್ಲ.

ಜ್ವರ ಬಂದರೆ ಮಾತ್ರೆ ಇಳಿಸಿದ್ದಕ್ಕೇ ಬಂತು ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಚಳಿಗಾಲ, ಬೇಸಿಗೆಯಲ್ಲಿ ಕಾಡಿಗೆ, ಸೊಪ್ಪಿಗೆ ಹೋಗಿಬಂದವರಿಗೆ ಮಂಗನ ಕಾಯಿಲೆಯ ಭಯವೂ ಇದೆ. ಅದರಲ್ಲೂ ವಿಪರೀತ ತಲೆನೋವು, ಮೈಕೈ ನೋವು ಬರುತ್ತವೆ. ತಕ್ಷಣ ತೋರಿಸಿ, ಜ್ವರ ಇಳಿಯುವವರೆಗೆ ಮುಂದಿನ ಇಳಿಕೆ ಬೇಡ.

ಹಂತ 6: ಮಾತ್ರೆ ಮಾಡುತ್ತಿದ್ದ ಕೆಲಸಕ್ಕೆ ಬೇರೆ ದಾರಿ

ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ ಜೊತೆಗಿದ್ದರೆ ಮಾತ್ರೆ ಬಿಡುವುದು ಸುಲಭವಾಗುತ್ತದೆ. ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರು ಇದ್ದಾರೆಯೇ ಕೇಳಿ. ನಿದ್ದೆಗೆ ಮನೆಯಲ್ಲೇ ಮಾಡಬಹುದಾದದ್ದೂ ಇದೆ. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಿ. ಮಧ್ಯಾಹ್ನದ ನಿದ್ದೆ ಬಿಡಿ. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಜಗಲಿಯಲ್ಲಿ ಕೂತು, ಕಣ್ಣು ತೂಗಿದ ಮೇಲೆ ಹಾಸಿಗೆಗೆ ಹೋಗಿ.

ಮಧ್ಯಾಹ್ನದ ನಂತರ ಕಾಫಿ ಬೇಡ. ಸಂಜೆಗೆ ಕೊತ್ತಂಬರಿ ಜೀರಿಗೆ ಕಷಾಯ ಇದೆಯಲ್ಲ! ರಾತ್ರಿ ಊಟವಾದ ಮೇಲೆ ಹೊಗೆಸೊಪ್ಪು ಹಾಕಿದ ಕವಳ ಬೇಡ, ನಿಕೋಟಿನ್ ಎಚ್ಚರ ಹೆಚ್ಚಿಸುತ್ತದೆ. ಒಂದೆಲಗದ ತಂಬುಳಿ ಖಂಡಿತ ಉಣ್ಣಿ. ಆದರೆ ಅದು ಊಟ, ಮಾತ್ರೆಗೆ ಬದಲಿಯಲ್ಲ. ಅಶ್ವಗಂಧದಂಥದ್ದನ್ನು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಮಾತ್ರೆ ಇಳಿಸಿದ ಜಾಗಕ್ಕೆ ಮದ್ಯ ಬರಲೇಬಾರದು. ಮದ್ಯವೂ ಗಾಬಾದ ಮೂಲಕವೇ ಕೆಲಸ ಮಾಡುತ್ತದೆ, ಎರಡೂ ಸೇರಿದರೆ ಉಸಿರಾಟ ಕುಗ್ಗಬಹುದು.

ಮನೆಯವರಿಗೆ

ಒಬ್ಬರು ಜೊತೆಗಾರರಾಗಿ. ವಾರದ ಮಾತ್ರೆಯನ್ನು ಡಬ್ಬಿಗೆ ಹಾಕಿಕೊಡಿ, ಆಸ್ಪತ್ರೆಗೆ ಜೊತೆಗೆ ಹೋಗಿ. ‘ಅಮ್ಮಾ, ನಿನ್ನೆಗಿಂತ ಇವತ್ತು ಹೇಗಿದೆ?’ ಎಂದರೆ ಸಾಕು. ಅವರಿಗೆ ಗೊತ್ತಾಗದ ಹಾಗೆ ಮಾತ್ರೆ ಬಚ್ಚಿಡುವುದು, ಅರ್ಧ ಮಾಡಿ ಕೊಡುವುದು ಮಾಡಬೇಡಿ. ಅದರಿಂದ ಅಪಾಯವೂ ಇದೆ, ನಂಬಿಕೆಯೂ ಹೋಗುತ್ತದೆ.

ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಿದರೆ ಅಥವಾ ಕೇಳಿಸಿದರೆ, ಮನೆಯವರ ಗುರುತೇ ತಪ್ಪಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಗಾಡಿ ಬರುವುದು ತಡವಾಗುವ ಊರಾದರೆ ಪಕ್ಕದ ಮನೆಯ ಜೀಪು ಹೊರಡಿಸಿ. ಫಿಟ್ಸ್ ಬಂದವರನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಸಾಯಬೇಕು ಅನ್ನುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಸುಮ್ನೆ ಮನಸ್ಸಿನ ಭಾರ ಹೇಳಿಕೊಳ್ಳುವುದಕ್ಕೂ ಕರೆ ಮಾಡಬಹುದು.

ಕೊನೆಯ ಚೂರು

ಕೊನೆಯ ಕಾಲು ಮಾತ್ರೆ ಬಿಡುವುದೇ ಹಲವರಿಗೆ ಹೆಚ್ಚು ಕಷ್ಟ. ಇಷ್ಟು ಸಣ್ಣದರಲ್ಲಿ ಏನಿದೆ ಅಂತ ಆತುರ ಪಡಬೇಡಿ. ಪೂರ್ತಿ ಬಿಡಲು ಆಗದೆ ಅರ್ಧ ಡೋಸಿಗೆ ನಿಂತರೂ ತೂಕಡಿಕೆ, ಬೀಳುವ ಅಪಾಯ ಕಡಿಮೆಯಾಗುತ್ತವೆ. ಬಿಟ್ಟ ಮೇಲೆ ಕೆಲವು ತಿಂಗಳು ಡಾಕ್ಟರನ್ನು ಕಾಣುತ್ತಿರಿ. ಹಳೆಯ ಆತಂಕವೇ ಮರಳಿದರೆ ಅದಕ್ಕೆ ಬೇರೆ ಚಿಕಿತ್ಸೆಗಳಿವೆ. ಉಳಿದ ಮಾತ್ರೆಗಳನ್ನು ಬೇಕಾದೀತು ಅಂತ ಕಪಾಟಿನಲ್ಲಿ ಇಡಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ. ಬಿಟ್ಟು ಕೆಲವು ತಿಂಗಳಾದ ಮೇಲೆ ಹಳೆಯ ಡೋಸನ್ನೇ ನುಂಗಿದರೆ ದೇಹಕ್ಕೆ ಅದು ಜಾಸ್ತಿಯಾಗುತ್ತದೆ. ಮುಂದಿನ ಸಲ ತೋರಿಸಲು ಹೋಗುವಾಗ ಅವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಏನು ಮಾಡಬೇಕೆಂದು ಅಲ್ಲೇ ಕೇಳಿ.