ಡಬ್ಬಾ ಟಿವಿಯಲ್ಲಿ ಪಿಎಸ್2: ಯಾವ ಗೇಮ್ ನಿಜಕ್ಕೂ ಚೆಂದ?

ಪಿಎಸ್2, ಅಂದರೆ ಸೋನಿಯ ಪ್ಲೇಸ್ಟೇಷನ್ 2 ಗೇಮ್ ಮಷೀನಿನ ಗ್ರಾಫಿಕ್ಸ್ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಮೊದಲು ಕೇಳುವುದು ಒಂದೇ. ಯಾವ ಟಿವಿಯಲ್ಲಿ ನೋಡಿದಿರಿ? ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹಳದಿ ವೈರನ್ನು ಹೊಸ ಎಲ್‌ಇಡಿ ಟಿವಿಗೆ ಚುಚ್ಚಿ ನೋಡಿದರೆ ಬಹುತೇಕ ಗೇಮ್‌ಗಳು ಚೆನ್ನಾಗಿ ಕಾಣುವುದಿಲ್ಲ. ಮುಖಗಳೆಲ್ಲ ಕಲಸಿಹೋಗಿರುತ್ತವೆ. ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿರುತ್ತವೆ. "ಆಗ ಇದನ್ನೇ ಬಾಯಿಬಿಟ್ಕೊಂಡು ನೋಡ್ತಿದ್ವಾ?" ಅನ್ನಿಸುವುದು ಸಹಜ. ಆದರೆ ಅವತ್ತು ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಆ ಗೇಮ್‌ಗಳನ್ನು ಮಾಡಿದವರು ಪಿಕ್ಚರ್ ಟ್ಯೂಬ್ ಇರುವ ಹಳೆಯ ಡಬ್ಬಾ ಟಿವಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದರು.

ನಾನು ದಾವಣಗೆರೆಯ ವಿದ್ಯಾನಗರದ ಕಡೆ ಕೆಲವು ವರ್ಷ ಗೇಮ್ ಸೆಂಟರ್ ನಡೆಸಿದವನು. ಸುತ್ತಮುತ್ತ ಕಾಲೇಜು, ಹಾಸ್ಟೆಲ್, ಪಿಜಿ. ಸಂಜೆ ಆದರೆ ಹುಡುಗರು ಬೆಣ್ಣೆ ದೋಸೆ ತಿಂದು ಸೀದಾ ನಮ್ಮಲ್ಲಿಗೆ ಬರುತ್ತಿದ್ದರು. "ಮೊದ್ಲು ಕೈ ತೊಳ್ಕೊಂಡು ಬಾರಪ್ಪಾ, ಕಂಟ್ರೋಲರ್ ಜಿಡ್ಡಾಗುತ್ತೆ" ಎನ್ನುವುದು ನನ್ನ ದಿನದ ಮಾತಾಗಿತ್ತು. ಅವರಿಗೆ ಬೇಕಾಗಿದ್ದು ಸ್ಯಾನ್ ಆಂಡ್ರಿಯಾಸ್, ಕ್ರಿಕೆಟ್ 07, ಕುಸ್ತಿ ಗೇಮ್‌ಗಳು. ಕೈಯಲ್ಲಿ ಮೊಬೈಲ್ ಬಂದ ಮೇಲೆ ಸೆಂಟರ್ ಮುಚ್ಚಿದೆ. ಒಂದು ಮಷೀನು, ಡಿಸ್ಕ್‌ಗಳ ಒಂದು ಪೆಟ್ಟಿಗೆ ಮನೆಯಲ್ಲಿ ಉಳಿಸಿಕೊಂಡೆ. ಈಚೆಗೆ ಆ ಪೆಟ್ಟಿಗೆಯನ್ನು ಒಂದು ಕಡೆಯಿಂದ ತೆಗೆದು, ಪ್ರತಿ ಡಿಸ್ಕನ್ನೂ ಮತ್ತೆ ಹಾಕಿ ನೋಡಿದೆ. ಈ ಸಲ ಆಟ ಗೆಲ್ಲುವ ಆಸೆ ಇರಲಿಲ್ಲ. ಯಾವುದು ಕಣ್ಣಿಗೆ ಚೆಂದ, ಯಾಕೆ ಚೆಂದ ಅಂತ ತಿಳಿಯಬೇಕಿತ್ತು.

ಮೊದಲು ಟಿವಿ ಹುಡುಕಿದೆ. ನಮ್ಮೂರಿನ ಗುಜರಿ ಅಂಗಡಿಗಳಲ್ಲಿ ಡಬ್ಬಾ ಟಿವಿಗಳು ಇನ್ನೂ ಬರುತ್ತಿರುತ್ತವೆ. 21 ಇಂಚಿನವು ಜಾಸ್ತಿ. ನನಗೆ ಬೇಕಾಗಿದ್ದದ್ದು ಹಿಂದುಗಡೆ ಕಂಪೋನೆಂಟ್ ಇನ್‌ಪುಟ್ ಇರುವುದು, ಅಂದರೆ ಡಿವಿಡಿ ಪ್ಲೇಯರ್ ಕಾಲದಲ್ಲಿ ಬಂದ ಫ್ಲ್ಯಾಟ್ ಟ್ಯೂಬಿನ ದೊಡ್ಡ ಟಿವಿ. ಒಂದು 29 ಇಂಚಿನದು ಸಿಕ್ಕಿತು. ಇಬ್ಬರು ಹಿಡಿದರೂ ಮೇಲೆತ್ತುವುದು ಕಷ್ಟ, ಅಷ್ಟು ಭಾರ. ಪರಿಚಯದ ರಿಪೇರಿಯವರನ್ನು ಕರೆಸಿ ಒಳಗಿನ ಧೂಳು ತೆಗೆಸಿದೆ. ಟ್ಯೂಬ್ ಟಿವಿಯ ಹಿಂದಿನ ಮುಚ್ಚಳ ನೀವೇ ಬಿಚ್ಚಲು ಹೋಗಬೇಡಿ. ಸ್ವಿಚ್ ತೆಗೆದಿದ್ದರೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಆಮೇಲೆ ಕೇಬಲ್. ಮಷೀನಿನ ಜೊತೆ ಬರುವ ಹಳದಿ ವೈರಿನಲ್ಲಿ ಬಣ್ಣ, ಬೆಳಕು ಎಲ್ಲ ಒಂದೇ ತಂತಿಯಲ್ಲಿ ಬರುತ್ತವೆ. ಅದಕ್ಕೇ ಕೆಂಪು ಬಣ್ಣ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಕಂಪೋನೆಂಟ್ ಕೇಬಲ್‌ನಲ್ಲಿ ಚಿತ್ರಕ್ಕೇ ಹಸಿರು, ನೀಲಿ, ಕೆಂಪು ಅಂತ ಮೂರು ವೈರ್ ಇರುತ್ತವೆ. ಇದನ್ನು ಹಾಕುವ ಮೊದಲು, ಹಳದಿ ವೈರ್ ಇರುವಾಗಲೇ ಮಷೀನಿನ ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗಿ ಕಂಪೋನೆಂಟ್ ವಿಡಿಯೋ ಔಟ್ ನೋಡಿ. ಅಲ್ಲಿ ಆರ್‌ಜಿಬಿ ಎಂದಿದ್ದರೆ ಅಲ್ಲಿರುವ ಇನ್ನೊಂದು ಆಯ್ಕೆಗೆ ಬದಲಾಯಿಸಬೇಕು. ಇಲ್ಲದಿದ್ದರೆ ಬಣ್ಣಗಳೆಲ್ಲ ಏರುಪೇರಾಗುತ್ತವೆ. ಟಿವಿಯ ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಕಾಂಟ್ರಾಸ್ಟ್ ಅರ್ಧಕ್ಕಿಂತ ಸ್ವಲ್ಪ ಮೇಲಿಡುತ್ತೇನೆ. ದೊಡ್ಡ ಸ್ಪೀಕರ್ ಇದ್ದರೆ ಟಿವಿಯಿಂದ ದೂರ ಇಡಿ. ಅದರ ಅಯಸ್ಕಾಂತದಿಂದ ಮೂಲೆಯಲ್ಲಿ ನೇರಳೆ ಕಲೆ ಬೀಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ, ಹಾಗಾಗಿ ಸ್ಟೆಬಿಲೈಸರ್ ಕೂಡ ಬೇಕು. ಇನ್ನೊಂದು ವಿಷಯ. ಕೆಲವು ಡಿಸ್ಕ್‌ಗಳು ಶುರುವಿನಲ್ಲೇ 50 ಹರ್ಟ್ಜಾ, 60 ಹರ್ಟ್ಜಾ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗಬೇಕು ಎಂದು ಕೇಳುತ್ತವೆ. ಟಿವಿ ತಡೆದುಕೊಳ್ಳುವುದಾದರೆ 60 ಆರಿಸಿ. ಆಟದ ಓಟವೇ ಬೇರೆಯಾಗುತ್ತದೆ.

ಈಗ ಮಷೀನಿನ ವಿಷಯ. ಪಿಎಸ್2 ಜಪಾನಿನಲ್ಲಿ ಬಂದದ್ದು 2000ದ ಮಾರ್ಚ್ 4ರಂದು. ಮುಖ್ಯ ಮೆಮೊರಿ 32 ಎಂಬಿ. ಚಿತ್ರ ಬಿಡಿಸುವ ಚಿಪ್ಪಿಗೆ ಗ್ರಾಫಿಕ್ಸ್ ಸಿಂಥಸೈಜರ್ ಎಂದು ಹೆಸರು, ಅದರೊಳಗೇ ಇರುವ ಮೆಮೊರಿ ಬರೀ 4 ಎಂಬಿ. ಈ 4 ಎಂಬಿಯ ಲೆಕ್ಕ ತಿಳಿದರೆ ಯಾವ ಗೇಮ್ ಯಾಕೆ ಹಾಗೆ ಕಾಣುತ್ತದೆ ಎನ್ನುವುದು ತಾನಾಗಿ ಗೊತ್ತಾಗುತ್ತದೆ. 640 ಇಂಟು 448 ಅಳತೆಯ ಒಂದು ಚಿತ್ರ ಪೂರ್ತಿ ಬಣ್ಣದಲ್ಲಿ ಸುಮಾರು 1.1 ಎಂಬಿ ಆಗುತ್ತದೆ. ತೋರಿಸುತ್ತಿರುವುದು ಒಂದು, ಬಿಡಿಸುತ್ತಿರುವುದು ಇನ್ನೊಂದು, ಯಾವುದು ಮುಂದೆ ಯಾವುದು ಹಿಂದೆ ಎಂಬ ಲೆಕ್ಕಕ್ಕೆ ಮತ್ತೊಂದು. ಮೂರೂ ಸೇರಿದರೆ 3.3 ಎಂಬಿ ಹೋಯಿತು. ಗೋಡೆ, ನೆಲ, ಬಟ್ಟೆ, ಚರ್ಮ ಎಲ್ಲದರ ಮೇಲಿನ ಚಿತ್ರಗಳಿಗೆ ಉಳಿದದ್ದು ಸುಮಾರು 0.7 ಎಂಬಿ, ಅಷ್ಟೇ. ಹಾಗಾಗಿ ಮುಖ್ಯ ಮೆಮೊರಿಯಿಂದ ಒಂದೇ ಸಮನೆ ತಂದು ತುಂಬುತ್ತಿರಬೇಕು. ಶುರುವಿನ ಗೇಮ್‌ಗಳು ಜಾಗ ಉಳಿಸಲು ಅರ್ಧ ಎತ್ತರದ ಚಿತ್ರವನ್ನೇ ಬಿಡಿಸಿದವು. 2000ದ ರಿಡ್ಜ್ ರೇಸರ್ 5ರಲ್ಲಿ ಗೆರೆಗಳು ನಡುಗುವುದು ಎಲ್ಲರ ಕಣ್ಣಿಗೂ ಬಿದ್ದಿತ್ತು.

ಆದರೆ ಇದೇ ಚಿಪ್ಪಿಗೆ ಒಂದು ದೊಡ್ಡ ಬಲ ಇತ್ತು. ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಬಳಿಯುವುದರಲ್ಲಿ ಅದರ ವೇಗಕ್ಕೆ ಆಗ ಸಾಟಿಯೇ ಇರಲಿಲ್ಲ. ಹೊಗೆ, ಮಳೆ, ಬೆಂಕಿ, ಧೂಳು, ಮಂಜು, ಎಲ್ಲ ಇದರಿಂದಲೇ. ನನ್ನ ಮಟ್ಟಿಗೆ ಪಿಎಸ್2ನ ಚೆಂದದ ಗೇಮ್‌ಗಳೆಲ್ಲ ಈ ಬಲವನ್ನು ಹಿಡಿದುಕೊಂಡು, 4 ಎಂಬಿಯ ಕೊರತೆ ಕಾಣದ ಹಾಗೆ ತಮ್ಮ ಲೋಕವನ್ನು ಕಟ್ಟಿಕೊಂಡವು.

ಇದಕ್ಕೆ ಒಳ್ಳೆಯ ಉದಾಹರಣೆ 2001ರ ಮೆಟಲ್ ಗಿಯರ್ ಸಾಲಿಡ್ 2. ಆಟದ ಮೊದಲ ಘಟ್ಟ ನಡೆಯುವುದು ರಾತ್ರಿ, ಮಳೆಯಲ್ಲಿ, ಒಂದು ಟ್ಯಾಂಕರ್ ಹಡಗಿನ ಮೇಲೆ. ಹನಿಗಳು ಗಾಳಿಗೆ ಓರೆಯಾಗಿ ಬೀಳುತ್ತವೆ, ಡೆಕ್ ಮೇಲೆ ಸಿಡಿಯುತ್ತವೆ, ಆದರೂ ಆಟ ಸೆಕೆಂಡಿಗೆ 60 ಚಿತ್ರಗಳ ಓಟದಲ್ಲಿ ಹೋಗುತ್ತದೆ. ಒಳಗೆ ಬಾಟಲಿಗಳ ಸಾಲು ಇರುವ ಒಂದು ಕೋಣೆ ಇದೆ. ಗುಂಡು ಹೊಡೆದರೆ ಬಾಟಲಿಗಳು ಒಂದೊಂದಾಗಿ ಒಡೆಯುತ್ತವೆ. ಐಸ್ ಬಕೆಟ್ ಬೀಳಿಸಿದರೆ ಐಸ್ ತುಂಡುಗಳು ಹರಡಿ, ನೋಡುತ್ತಾ ನಿಂತರೆ ನಿಧಾನಕ್ಕೆ ಕರಗುತ್ತವೆ. ಸೆಂಟರಿನಲ್ಲಿ ಒಬ್ಬ ಹುಡುಗ ಇದನ್ನು ನೋಡಿ ಆಟ ಬಿಟ್ಟು ಎಲ್ಲರನ್ನೂ ಕರೆದ. "ಅಣ್ಣಾ, ಇಲ್ನೋಡ್ರಿ, ಐಸ್ ಕರಗ್ತೈತಿ!" ಸುತ್ತ ನಿಂತವರು ಅದು ಪೂರ್ತಿ ಕರಗುವವರೆಗೂ ನೋಡಿದರು. ಆ ಹಡಗಿನಲ್ಲಿ ಬಣ್ಣ ಕಡಿಮೆ. ಬೂದಿ, ಹಸಿರು, ಕಬ್ಬಿಣದ ಬಣ್ಣ, ಅಷ್ಟೇ. ದೊಡ್ಡ ಚಿತ್ರಗಳು ಬೇಡವೇ ಬೇಡ. ಉಳಿತಾಯವೆಲ್ಲ ಮಳೆಗೆ, ಗಾಜಿಗೆ, ಬೆಳಕಿಗೆ ಹೋಯಿತು. 2004ರ ಮೆಟಲ್ ಗಿಯರ್ ಸಾಲಿಡ್ 3 ಕಾಡಿಗೆ ಹೋಗಿದ್ದಕ್ಕೆ ಓಟ ಅರ್ಧಕ್ಕೆ ಇಳಿಯಿತು, ಹುಲ್ಲು ಮಾತ್ರ ದಟ್ಟವಾಗಿ ಬಂತು. ನನಗೆ ಎರಡನೆಯದೇ ಹೆಚ್ಚು.

ಮೆಟಲ್ ಗಿಯರ್ ಹೊರತಂದ ಕೊನಾಮಿ ಕಂಪನಿಯದೇ ಆದ ಝೋನ್ ಆಫ್ ದಿ ಎಂಡರ್ಸ್ 2 ಬಂದದ್ದು 2003ರಲ್ಲಿ. ಪರದೆ ತುಂಬ ಬೆಳಕಿನ ಗೆರೆ, ಹೊಗೆ, ಸಿಡಿತ. ಇದನ್ನು 2012ರಲ್ಲಿ ಪಿಎಸ್3ಗೆ ತಂದಾಗ ಹೊಸ ಮಷೀನೇ ತಡವರಿಸಿತು. ಮರುವರ್ಷ ಪ್ಯಾಚ್, ಅಂದರೆ ತಿದ್ದುಪಡಿ ಕೊಟ್ಟು ಸರಿಮಾಡಿದರು. ಪದರ ಬಳಿಯುವುದರಲ್ಲಿ ಹಳೆಯ ಚಿಪ್ಪು ಎಂಥದ್ದು ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಕಾರಿನ ವಿಷಯಕ್ಕೆ ಬಂದರೆ ಗ್ರ್ಯಾನ್ ಟುರಿಸ್ಮೊ 4. ಜಪಾನಿನಲ್ಲಿ 2004ರ ಕೊನೆಗೆ ಬಂತು, 700ಕ್ಕೂ ಹೆಚ್ಚು ಕಾರು. ರಸ್ತೆ ಬದಿಯ ಮರಗಳು, ಜನ ಎಲ್ಲ ಚಪ್ಪಟೆ ಚಿತ್ರಗಳೇ, ಗಾಡಿ ನಿಲ್ಲಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ. ಆದರೆ ಓಡುವಾಗ ಕಣ್ಣು ಹೋಗುವುದು ಕಾರಿನ ಮೈಮೇಲಿನ ಹೊಳಪಿಗೆ. ಸೂರ್ಯ ಎದುರಿಗಿದ್ದಾಗ ಬಾನೆಟ್ ಮೇಲೆ ಆಕಾಶ ಜಾರುತ್ತದೆ, ಸೇತುವೆ ಕೆಳಗೆ ಹೋದಾಗ ಮೈ ಕಪ್ಪಾಗಿ ಮತ್ತೆ ಬೆಳಗುತ್ತದೆ. ಇದರಲ್ಲಿ ಫೋಟೋ ಮೋಡ್ ಕೂಡ ಇದೆ. ತೆಗೆದ ಚಿತ್ರವನ್ನು ಯುಎಸ್‌ಬಿ ಡ್ರೈವ್‌ಗೆ ಹಾಕಿಕೊಳ್ಳಬಹುದು. ನನ್ನ ತಮ್ಮ ರೇಸ್ ಆಡಿದ್ದಕ್ಕಿಂತ ಫೋಟೋ ತೆಗೆದದ್ದೇ ಜಾಸ್ತಿ. ಅಮೆರಿಕದ ಡಿಸ್ಕ್‌ನಲ್ಲಿ 480ಪಿ, 1080ಐ ಎಂಬ ಇನ್ನೂ ಸ್ಪಷ್ಟ ಚಿತ್ರದ ಆಯ್ಕೆಗಳೂ ಇವೆ. ಟ್ಯೂಬ್ ಟಿವಿಯಲ್ಲಿ ಇವನ್ನು ಒತ್ತಬೇಡಿ. ನಮ್ಮಲ್ಲಿ ಸಿಗುವ ಸಾಮಾನ್ಯ ಡಬ್ಬಾ ಟಿವಿ ಆ ಸಿಗ್ನಲ್ ಹಿಡಿಯುವುದಿಲ್ಲ, ಚಿತ್ರ ಉರುಳುತ್ತದೆ.

ಇನ್ನು ನನ್ನ ಪಟ್ಟಿಯ ಮೊದಲ ಹೆಸರು, 2005ರ ಶ್ಯಾಡೋ ಆಫ್ ದಿ ಕೊಲೋಸಸ್. ಫುಮಿಟೊ ಉಯೆಡಾ ತಂಡದ್ದು. ಇಡೀ ಗೇಮಿನಲ್ಲಿ ಕೊಲ್ಲಬೇಕಾದ್ದು 16 ದೈತ್ಯರನ್ನು ಮಾತ್ರ. ಊರಿಲ್ಲ, ಸಂತೆಯಿಲ್ಲ, ಬೇರೆ ವೈರಿಗಳಿಲ್ಲ. ಬಯಲು, ಬಂಡೆ, ಪಾಳು ಕಟ್ಟಡ, ಒಂದು ಕುದುರೆ. ಹೀಗೆ ಖಾಲಿ ಬಿಟ್ಟಿದ್ದಕ್ಕೇ ಆ ದೈತ್ಯರನ್ನು ಅಷ್ಟು ದೊಡ್ಡದಾಗಿ ತರಲು ಸಾಧ್ಯವಾಯಿತು. ಅವುಗಳ ಮೈಮೇಲೆ ಕಲ್ಲು, ಕಲ್ಲಿನ ನಡುವೆ ರೋಮ. ಹತ್ತಿರ ಹೋಗಿ ಕ್ಯಾಮೆರಾ ತಿರುಗಿಸಿ ನೋಡಿ. ರೋಮ ಎನ್ನುವುದು ಪದರ ಪದರವಾಗಿ ಮೇಲೆ ಮೇಲೆ ಬಳಿದ ತೆಳು ಚಿತ್ರ. ಟ್ಯೂಬ್ ಟಿವಿಯಲ್ಲಿ ಆ ಪದರಗಳ ನಡುವಿನ ಸಂದು ಕಾಣುವುದೇ ಇಲ್ಲ. ಗಾಳಿಗೆ ಅಲ್ಲಾಡುವ ಹುಲ್ಲುಗಾವಲೇ ಕಾಣುತ್ತದೆ. ಅದನ್ನೇ ಹಿಡಿದು ಮೇಲೆ ಹತ್ತುತ್ತೀರಿ.

ಬೆಳಕಿನ ಕೆಲಸ ಇನ್ನೂ ಚೆಂದ. ಕತ್ತಲ ಗುಡಿಯೊಳಗಿನಿಂದ ಬಯಲಿಗೆ ಬಂದ ಕೂಡಲೇ ಎದುರಿಗಿರುವುದೆಲ್ಲ ಬೆಳ್ಳಗೆ ಉರಿದು, ಆಮೇಲೆ ಮೆಲ್ಲಗೆ ಬೆಟ್ಟ, ಸೇತುವೆ, ದಾರಿ ಕಾಣಿಸಿಕೊಳ್ಳುತ್ತವೆ. ಚಿತ್ರದುರ್ಗದ ಕೋಟೆಯಲ್ಲಿ ಮಧ್ಯಾಹ್ನದ ಹೊತ್ತು ತಿರುಗಿದವರಿಗೆ ಇದು ಗೊತ್ತು. ಅಲ್ಲಿನ ದ್ವಾರಗಳು ನೇರ ಇಲ್ಲ, ಅಡ್ಡ ತಿರುಗಿ ತಿರುಗಿ ಹೋಗುತ್ತವೆ. ನೆರಳಿನಿಂದ ಈಚೆ ಕಾಲಿಟ್ಟರೆ ಬಂಡೆಯ ಮೇಲಿನ ಬಿಸಿಲು ಒಂದು ಕ್ಷಣ ಕಣ್ಣು ಕುಕ್ಕಿ, ಬಳಿಕ ಕಲ್ಲಿನ ಬಣ್ಣ ತಿಳಿಯಾಗುತ್ತದೆ. ಅದೇ ಕ್ಷಣವನ್ನು 4 ಎಂಬಿಯೊಳಗೆ ಹಿಡಿದಿದ್ದಾರೆ. ಈಗಿನ ಮಷೀನುಗಳಲ್ಲಿ ಇದಕ್ಕೆ ಎಚ್‌ಡಿಆರ್, ಅಂದರೆ ಕಡು ಕತ್ತಲಿಂದ ಕಡು ಬೆಳಕಿನವರೆಗಿನ ಲೆಕ್ಕಾಚಾರ ನಿಜವಾಗಿಯೇ ನಡೆಯುತ್ತದೆ. ಪಿಎಸ್2ಗೆ ಆ ಶಕ್ತಿ ಇರಲಿಲ್ಲ. ಬೆಳಗಿದ ಭಾಗವನ್ನು ಮಸುಕು ಮಾಡಿ ಮತ್ತೆ ಚಿತ್ರದ ಮೇಲೆ ಬಳಿದು ಅದೇ ಪರಿಣಾಮ ತಂದರು. ಹೌದು, ಓಟ ಕುಂಟುತ್ತದೆ. ದೊಡ್ಡ ದೈತ್ಯ ಎದುರಾದಾಗ ಸೆಕೆಂಡಿಗೆ 20ಕ್ಕಿಂತ ಕೆಳಗೂ ಇಳಿಯುತ್ತದೆ. ಇದನ್ನು ದೋಷ ಎನ್ನುವವರ ಮಾತು ಸರಿಯೇ. ನನಗೆ ಆ ಭಾರದ ನಡಿಗೆಯಲ್ಲಿ ಅದು ಅಡ್ಡ ಬರಲಿಲ್ಲ.

ಸ್ಯಾನ್ ಆಂಡ್ರಿಯಾಸ್ ಚೆಂದವಾ ಎಂದು ಹುಡುಗರು ಈಗಲೂ ಕೇಳುತ್ತಾರೆ. ಮುಖ, ಕೈ ಎಲ್ಲ ಒರಟು. ಆದರೆ ಮೂರು ನಗರಗಳ ನಡುವೆ ಎಲ್ಲೂ ಲೋಡಿಂಗ್‌ಗೆ ನಿಲ್ಲದೆ ಓಡಿಸಿಕೊಂಡು ಹೋಗಬಹುದು, ಸಂಜೆಯ ಕಿತ್ತಳೆ ಮಬ್ಬು ಊರಿನ ಮೇಲೆ ಕೂರುತ್ತದೆ. ಆ ಮಬ್ಬೇ ದೂರದ ಕೊರತೆಯನ್ನೂ ಮುಚ್ಚುತ್ತದೆ. ಇದನ್ನೇ ಇನ್ನೂ ಜಾಣತನದಿಂದ ಮಾಡಿದ್ದು 2001ರ ಸೈಲೆಂಟ್ ಹಿಲ್ 2. ಮಂಜು, ಜೊತೆಗೆ ಹಳೆಯ ಫಿಲ್ಮಿನ ಕಾಳು ಕಾಳು. ಬರ್ನ್‌ಔಟ್ 3 ವೇಗಕ್ಕೆ, ಬ್ಲ್ಯಾಕ್ ಎಂಬ ಗೇಮ್ ಸಿಡಿತಕ್ಕೆ. ಎರಡೂ ಕ್ರೈಟೀರಿಯನ್ ಕಂಪನಿಯವರದ್ದು. ರೆಸಿಡೆಂಟ್ ಈವಿಲ್ 4 ಚೆಂದವೇ, ಆದರೆ ಅದು ಮೊದಲು ಹುಟ್ಟಿದ್ದು ನಿಂಟೆಂಡೊದ ಗೇಮ್‌ಕ್ಯೂಬ್ ಮಷೀನಿನಲ್ಲಿ. ಅಲ್ಲಿಯೇ ಇನ್ನೂ ಚೆಂದ. ಕ್ರಿಕೆಟ್ 07ಗೆ ಈ ಪಟ್ಟಿಯಲ್ಲಿ ಜಾಗ ಕೊಡಲಾರೆ. ಆಡಲು ಎಷ್ಟು ಪ್ರೀತಿಯಿದ್ದರೂ ಪ್ರೇಕ್ಷಕರು ಬರೀ ಕಾಗದದ ಗೊಂಬೆಗಳು.

ಮನೆಯಲ್ಲಿ ಡಬ್ಬಾ ಟಿವಿಗೆ ಜಾಗ ಇಲ್ಲ ಅನ್ನುವವರಿಗೂ ದಾರಿ ಇದೆ. ಹೊಸ ಟಿವಿಯಲ್ಲಿ ಕಂಪೋನೆಂಟ್ ಇನ್‌ಪುಟ್ ಇದ್ದರೆ ಅದನ್ನೇ ಬಳಸಿ, ಗೇಮಿನಲ್ಲಿ 480ಪಿ ಇದ್ದರೆ ಹಾಕಿ. 2007ರ ಗಾಡ್ ಆಫ್ ವಾರ್ 2ರ ಅಮೆರಿಕದ ಡಿಸ್ಕ್‌ನಲ್ಲಿ ಅದು ಇದೆ. ಪಿಎಸ್3 ಬಂದ ಮೇಲೆ ಬಂದ ಗೇಮ್ ಅದು. ಮೊದಲ ಕಾಳಗದಲ್ಲೇ ರೋಡ್ಸ್‌ನ ಕಂಚಿನ ದೈತ್ಯ ಊರಿನ ಮೇಲೆ ಬಾಗುತ್ತದೆ. 2006ರ ಫೈನಲ್ ಫ್ಯಾಂಟಸಿ 12 ಕೂಡ ಹೊಸ ಟಿವಿಯಲ್ಲಿ ಮಾನ ಉಳಿಸಿಕೊಳ್ಳುತ್ತದೆ. ಅದರಲ್ಲಿ ಮಡಿಕೆ, ನೆರಳು, ಕಸೂತಿ ಎಲ್ಲವನ್ನೂ ಬಟ್ಟೆಯ ಮೇಲೆ ಕೈಯಲ್ಲಿ ಬರೆದಂತೆ ಬಿಡಿಸಿದ್ದಾರೆ.

ಆದರೆ ಯಾವ ಟಿವಿಗೆ ಹಾಕಿದರೂ ಸೋಲದ್ದು 2006ರ ಓಕಾಮಿ. ಕ್ಲೋವರ್ ಸ್ಟುಡಿಯೋದವರು ಮೊದಲು ನಿಜದಂತೆ ಕಾಣುವ ಕಾಡು ಬಿಡಿಸಲು ಹೊರಟಿದ್ದರು. ಮಷೀನಿಗೆ ಅಷ್ಟು ಮರ, ಹೂವು, ಹುಲ್ಲು ತಡೆಯಲಿಲ್ಲ. ಆಗ ಜಪಾನಿನ ಮಸಿ ಕುಂಚದ ಚಿತ್ರಕಲೆಗೆ ತಿರುಗಿದರು. ದಪ್ಪ ಕಪ್ಪು ಗೆರೆ, ಹಿಂದೆ ಕಾಗದದ ಒರಟು, ನಾವು ಆಡಿಸುವ ತೋಳ ಓಡಿದಲ್ಲೆಲ್ಲ ಅರಳುವ ಹೂವು. ಗೆರೆ ಮೆಟ್ಟಿಲಾದರೂ ಅದು ಕುಂಚದ ಅಂಚಾಗಿಯೇ ಕಾಣುತ್ತದೆ. ಒಣಗಿದ ನೆಲಕ್ಕೆ ಜೀವ ಬಂದಾಗ ಬಣ್ಣ ಅಲೆಯಾಗಿ ಬೆಟ್ಟದವರೆಗೂ ಹರಿಯುವ ದೃಶ್ಯವೊಂದಿದೆ. ಪಿಎಸ್2 ನೋಡದವರು ಮನೆಗೆ ಬಂದರೆ ನಾನು ಮೊದಲು ಹಾಕಿ ತೋರಿಸುವುದು ಅದನ್ನೇ. ಶ್ಯಾಡೋ ಆಫ್ ದಿ ಕೊಲೋಸಸ್ ಆಮೇಲೆ, ಡಬ್ಬಾ ಟಿವಿಯಲ್ಲಿ.