ಹೊಸ ಆಡಿಯೊ ಪುಸ್ತಕ ಆರಿಸುವುದು ಹೇಗೆ? ಮುಖಪುಟ ಬಿಡಿ, ಮೂರನೆಯ ನಿಮಿಷ ಕೇಳಿ

ಆಸೆಪಟ್ಟು ಆಡಿಯೊ ಪುಸ್ತಕ ಕೊಂಡವರು ಮೂರನೆಯ ಅಧ್ಯಾಯಕ್ಕೇ ಕೈಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಯಾಕೆಂದು ಕೇಳಿದರೆ ‘ಸಮಯ ಸಿಗಲಿಲ್ಲ’ ಎನ್ನುತ್ತಾರೆ. ಅದು ನೆಪ. ಅವರ ಮೊಬೈಲ್ ಇಸಿದುಕೊಂಡು ಅದೇ ಪುಸ್ತಕವನ್ನು ಎರಡು ನಿಮಿಷ ಕೇಳಿದರೆ ನಿಜವಾದ ಕಾರಣ ಗೊತ್ತಾಗುತ್ತದೆ: ಧ್ವನಿ ಕಿವಿಗೆ ಒಗ್ಗಿಲ್ಲ. ಹೊಸ ಬಿಡುಗಡೆಗಳ ಪಟ್ಟಿ, ಬಣ್ಣದ ಮುಖಪುಟ, ನಾಲ್ಕೂವರೆ ನಕ್ಷತ್ರ ಇವನ್ನೆಲ್ಲ ಕಣ್ಣಿನಲ್ಲಿ ನೋಡಿ, ಹತ್ತು ಗಂಟೆ ಕಿವಿಯಲ್ಲಿ ಇರಿಸಿಕೊಳ್ಳಬೇಕಾದ ವಸ್ತುವನ್ನು ಕೊಂಡಿರುತ್ತಾರೆ. ಸೀರೆಯನ್ನು ವಾಸನೆ ನೋಡಿ ಕೊಂಡ ಹಾಗೆ.

ಇತಿಹಾಸ, ಜೀವನಚರಿತ್ರೆ, ಕಾದಂಬರಿ, ಸಾಮಾಜಿಕ ವಿಷಯ ಯಾವುದೇ ಇರಲಿ, ಆರಿಸುವ ಕ್ರಮ ಒಂದೇ. ಆದರೆ ಕಿವಿಗೊಟ್ಟು ಗಮನಿಸಬೇಕಾದ ಜಾಗ ನಾಲ್ಕಕ್ಕೂ ಬೇರೆ ಬೇರೆ.

ಮೊದಲ ಹೆಜ್ಜೆ: ಯಾವಾಗ ಕೇಳುತ್ತೀರಿ?

ಇದನ್ನು ಪುಸ್ತಕಕ್ಕಿಂತ ಮೊದಲು ತೀರ್ಮಾನಿಸಿ. ಪಾತ್ರೆ ತೊಳೆಯುವಾಗ, ನಡೆಯುವಾಗ ಕೇಳುವವರಿಗೆ ಕಾದಂಬರಿ ಮತ್ತು ಆತ್ಮಕಥೆ ಸರಿ. ಅಂಕಿ-ಅಂಶ ತುಂಬಿದ ಪುಸ್ತಕವನ್ನು ಕುಳಿತೇ ಕೇಳಬೇಕು.

ಎರಡನೆಯದು: ‘ಹೊಸತು’ ಎಂದರೆ ಯಾವುದು ಹೊಸತು?

ಹೊಸ ಬಿಡುಗಡೆ ಎಂಬ ಪಟ್ಟಿಯಲ್ಲಿ ಕಾಣುವ ದಿನಾಂಕ ಸಾಮಾನ್ಯವಾಗಿ ಧ್ವನಿಮುದ್ರಣದ್ದು, ಬರವಣಿಗೆಯದ್ದಲ್ಲ. ಐವತ್ತು ವರ್ಷದ ಹಿಂದೆ ಅಚ್ಚಾದ ಪುಸ್ತಕವೂ ಈ ತಿಂಗಳು ಧ್ವನಿಮುದ್ರಣಗೊಂಡರೆ ಹೊಸತೆಂದೇ ಬರುತ್ತದೆ. ಕಾದಂಬರಿಯಾದರೆ ಇದರಿಂದ ನಷ್ಟವೇನೂ ಇಲ್ಲ. ಹಳೆಯ ಕೃತಿಗೆ ಹೊಸ ಕಂಠ ಸಿಕ್ಕಿದರೆ ಲಾಭವೇ. ಸಾಮಾಜಿಕ ವಿಷಯದ ಪುಸ್ತಕದಲ್ಲಿ ಮಾತ್ರ ಎಚ್ಚರ ಬೇಕು. ‘ಇಂದಿನ ನಿರುದ್ಯೋಗ’ ಎಂದು ಪುಸ್ತಕಕ್ಕೆ ಧ್ವನಿ ಕೊಟ್ಟ ವಾಚಕರು ಗಂಭೀರವಾಗಿ ಓದುತ್ತಿರುವ ‘ಇಂದು’ ಹದಿನೈದು ವರ್ಷ ಹಿಂದಿನದಾಗಿರಬಹುದು. ಮೂಲ ಪುಸ್ತಕದ ಮೊದಲ ಪ್ರಕಟಣೆಯ ವರ್ಷವನ್ನು ವಿವರದ ಪುಟದಲ್ಲಿ ನೋಡಿ. ಅಲ್ಲಿ ಇಲ್ಲದಿದ್ದರೆ ಪ್ರಕಾಶಕರ ಪುಟದಲ್ಲಿ ಇರುತ್ತದೆ.

ಮೂರನೆಯದು: ಅವಧಿಯನ್ನು ತಾಳೆ ನೋಡಿ

‘ಪೂರ್ಣಪಾಠ’ ಎಂದು ಬರೆದಿದೆಯೋ ‘ಸಂಕ್ಷಿಪ್ತ’ ಎಂದಿದೆಯೋ ನೋಡಿ. ಎರಡೂ ಬರೆದಿಲ್ಲವೇ? ಅದೇ ಲೇಖಕರ ಯಾವುದಾದರೂ ಪುಸ್ತಕದ ಒಂದು ಪುಟವನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಸುಮಾರು ಎರಡು ನಿಮಿಷ ಆಗಬಹುದು. ಅದನ್ನು ಪುಟಗಳ ಸಂಖ್ಯೆಯಿಂದ ಗುಣಿಸಿ. ಮುನ್ನೂರು ಪುಟದ ಪುಸ್ತಕಕ್ಕೆ ಹತ್ತು ಗಂಟೆ ಬರಬೇಕು. ಮೂರೇ ಗಂಟೆ ಎಂದಿದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ.

ಈ ಕತ್ತರಿಗೂ ಒಂದು ಹಿನ್ನೆಲೆ ಇದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಅಂಧರಿಗಾಗಿ ಮಾತಾಡುವ ಪುಸ್ತಕಗಳನ್ನು ಮಾಡಿದಾಗ ಒಂದು ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು 15 ನಿಮಿಷದ ಓದು. ಒಂದು ಕಾದಂಬರಿ ಎಂದರೆ ತಟ್ಟೆಗಳ ದೊಡ್ಡ ಕಟ್ಟು. ಮುಂದೆ ಕ್ಯಾಸೆಟ್ ಬಂದಾಗ ಪೆಟ್ಟಿಗೆ ಚಿಕ್ಕದಾಗಿರಲಿ ಎಂದು ಎರಡು ಕ್ಯಾಸೆಟ್‌ಗೆ, ಮೂರು ಗಂಟೆಗೆ ಪುಸ್ತಕವನ್ನು ಇಳಿಸುವುದು ರೂಢಿಯಾಯಿತು. ಈಗ ಫೈಲಿಗೆ ಅಂಥ ಗಡಿ ಇಲ್ಲ, ಆದರೆ ಅಂದಿನ ಸಂಕ್ಷಿಪ್ತಗಳು ಹೊಸ ಮುಖಪುಟ ತೊಟ್ಟು ಮತ್ತೆ ಬರುತ್ತವೆ. ನಾನೂ ಒಮ್ಮೆ ಮೋಸಹೋಗಿ ಒಂದು ಜೀವನಚರಿತ್ರೆ ಕೊಂಡೆ. ಬಾಲ್ಯ ಒಂದೂವರೆ ನಿಮಿಷದಲ್ಲಿ ಮುಗಿಯಿತು. ಹುಟ್ಟಿದವರು ಉಗುಳು ನುಂಗುವಷ್ಟರಲ್ಲಿ ಕಾಲೇಜಿನಲ್ಲಿದ್ದರು. ಜೀವನಚರಿತ್ರೆಯ ಸಂಕ್ಷಿಪ್ತ ಆವೃತ್ತಿಯನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ನಾಲ್ಕನೆಯದು: ಮಾದರಿ ತುಣುಕು. ಎಲ್ಲರೂ ಎಡವುವುದು ಇಲ್ಲೇ

ಪ್ರತಿ ಪುಸ್ತಕಕ್ಕೂ ಕೆಲವು ನಿಮಿಷದ ಮಾದರಿ ಇರುತ್ತದೆ. ಜನ ಮೊದಲ ಮೂವತ್ತು ಸೆಕೆಂಡ್ ಕೇಳಿ ‘ಧ್ವನಿ ಚೆನ್ನಾಗಿದೆ’ ಎಂದು ಗುಂಡಿ ಒತ್ತುತ್ತಾರೆ. ಮೊದಲ ಮೂವತ್ತು ಸೆಕೆಂಡ್ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಶೀರ್ಷಿಕೆ, ಲೇಖಕರ ಹೆಸರು, ಮೊದಲ ವಾಕ್ಯ, ಇಷ್ಟನ್ನು ವಾಚಕರು ಹತ್ತು ಸಲ ಅಭ್ಯಾಸ ಮಾಡಿರುತ್ತಾರೆ. ನೀವು ಮೂರನೆಯ ನಿಮಿಷಕ್ಕೆ ಹೋಗಿ. ಅಷ್ಟರಲ್ಲಿ ವಾಚಕರು ವೇದಿಕೆಯ ಗತ್ತು ಬಿಟ್ಟು ತಮ್ಮ ಸಹಜ ನಡಿಗೆಗೆ ಇಳಿದಿರುತ್ತಾರೆ. ಮುಂದಿನ ಹತ್ತು ಗಂಟೆ ನೀವು ಕೇಳಲಿರುವುದು ಆ ನಡಿಗೆಯನ್ನು.

ಮೊದಲು ವಾಕ್ಯದ ಕೊನೆಯನ್ನು ಗಮನಿಸಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ. ಪಾಠವನ್ನು ಮೊದಲೇ ಓದಿಕೊಂಡ ವಾಚಕರು ಅಲ್ಲಿಯವರೆಗೂ ಸ್ವರವನ್ನು ಹಿಡಿದಿಟ್ಟು, ಕ್ರಿಯಾಪದದ ಮೇಲೆ ಇಳಿಸುತ್ತಾರೆ. ಮೊದಲ ಸಲ ಓದುತ್ತಿರುವವರು ನಡುದಾರಿಯಲ್ಲೇ ವಾಕ್ಯ ಮುಗಿಯಿತೆಂದು ಸ್ವರ ಇಳಿಸಿ, ಮುಂದೆ ಇನ್ನೂ ನಾಲ್ಕು ಪದ ಕಂಡು ಗಾಬರಿಯಿಂದ ಮತ್ತೆ ಎತ್ತುತ್ತಾರೆ. ಐದು ನಿಮಿಷದಲ್ಲಿ ಇದು ಎರಡು ಸಲ ಆದರೆ ಆ ಪುಸ್ತಕ ಬೇಡ.

ಎರಡನೆಯದು ನಿಲುಗಡೆ. ‘ಸೋತ ಸೇನಾಪತಿಯ ಮಗ ಗಡಿ ದಾಟಿದ’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಸೋತ ಸೇನಾಪತಿಯ’ ಎಂದು ಒಟ್ಟಿಗೆ ಹೇಳಿ ಉಸಿರು ತೆಗೆದರೆ ಸೋತದ್ದು ಅಪ್ಪ. ‘ಸೋತ’ ಎಂದು ನಿಂತು ‘ಸೇನಾಪತಿಯ ಮಗ’ ಎಂದರೆ ಸೋತದ್ದು ಮಗ. ಅಚ್ಚಿನಲ್ಲಿ ಓದುವವರು ಹಿಂದಿನ ಸಾಲಿಗೆ ಕಣ್ಣು ಹಾಯಿಸಿ ಸರಿಪಡಿಸಿಕೊಳ್ಳಬಹುದು, ಕೇಳುವವರಿಗೆ ಆ ಸೌಲಭ್ಯವಿಲ್ಲ. ಇತಿಹಾಸದ ಪುಸ್ತಕದಲ್ಲಿ ಇಂಥ ವಾಕ್ಯ ಪುಟಕ್ಕೊಂದು ಸಿಗುತ್ತದೆ. ಹೀಗಾಗಿ ಇತಿಹಾಸಕ್ಕೆ ನಾನು ಸುಂದರ ಕಂಠ ಹುಡುಕುವುದಿಲ್ಲ, ಎಲ್ಲಿ ನಿಲ್ಲಬೇಕೆಂದು ಗೊತ್ತಿರುವ ಕಂಠ ಹುಡುಕುತ್ತೇನೆ.

ಮೂರನೆಯದು ಮಾತಿನ ಗಡಿ. ಕಾದಂಬರಿ ಮತ್ತು ಜೀವನಚರಿತ್ರೆಯನ್ನು ಗೆಲ್ಲಿಸುವುದು, ಕೆಡಿಸುವುದು ಎರಡೂ ಇದೇ. ಅಚ್ಚಿನಲ್ಲಿ ಉದ್ಧರಣ ಚಿಹ್ನೆ ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುವುದಿಲ್ಲ. ಅದರ ಮೇಲೆ ನಮ್ಮ ‘ಎಂದ’, ‘ಎಂದಳು’ ಬರುವುದು ಮಾತೆಲ್ಲ ಮುಗಿದ ಮೇಲೆ. ಅರ್ಧ ನಿಮಿಷದ ಒಂದು ಪತ್ರವನ್ನು ಕೇಳಿ, ಇದು ಲೇಖಕರ ಅಭಿಪ್ರಾಯವೇ ಇರಬೇಕು ಎಂದುಕೊಳ್ಳುತ್ತಿರುವಾಗ ‘ಎಂದು ಅವರ ವೈರಿ ಬರೆದಿದ್ದ’ ಎಂದು ಬಂದರೆ ಕೇಳುಗ ಏನು ಮಾಡಬೇಕು? ಪಳಗಿದ ವಾಚಕರು ಮಾತು ಶುರುವಾಗುವ ಮುಂಚೆ ಕೂದಲೆಳೆಯಷ್ಟು ನಿಲ್ಲುತ್ತಾರೆ, ಸ್ವರದ ಮಟ್ಟವನ್ನು ಒಂದಿಷ್ಟು ಬದಲಿಸುತ್ತಾರೆ. ಅಷ್ಟು ಸಾಕು. ಗಂಡಸು ವಾಚಕರು ಹೆಣ್ಣು ಪಾತ್ರಕ್ಕೆ ಕೀರಲು ಧ್ವನಿ ತೆಗೆಯುವುದು, ಮುದುಕರಿಗೆಲ್ಲ ಕೆಮ್ಮು ಹಚ್ಚುವುದು ಕಂಡರೆ ಅಲ್ಲಿಗೇ ನಿಲ್ಲಿಸಿ.

ಆತ್ಮಕಥೆಯನ್ನು ಲೇಖಕರೇ ಓದಿದ್ದರೆ ತಡವರಿಕೆ, ಊರಿನ ರಾಗ ಎಲ್ಲವನ್ನೂ ಕ್ಷಮಿಸಿ ಅದನ್ನೇ ಆರಿಸಿ. ಬೇರೆಯವರು ಬರೆದ ಜೀವನಚರಿತ್ರೆಗೆ ಈ ರಿಯಾಯಿತಿ ಇಲ್ಲ. ಬರೆಯಲು ಬಲ್ಲವರೆಲ್ಲ ಓದಲು ಬಲ್ಲವರಲ್ಲ.

ಸಾಮಾಜಿಕ ವಿಷಯದ ಪುಸ್ತಕಗಳ ರೋಗ ಬೇರೆ. ಬಡತನ, ಜಾತಿ, ವಲಸೆ ಎಂದ ಕೂಡಲೇ ಕೆಲವು ವಾಚಕರ ಗಂಟಲು ತಾನಾಗಿ ಗದ್ಗದವಾಗುತ್ತದೆ. ನೋವಿನ ಸಂಗತಿಯನ್ನು ನೇರವಾಗಿ ಹೇಳುವವರನ್ನು ಆರಿಸಿ, ಅಳುವ ಕೆಲಸ ಬೇಕಿದ್ದರೆ ಕೇಳುಗರು ಮಾಡಿಕೊಳ್ಳುತ್ತಾರೆ. ಓದಿನ ಕೆಳಗೆ ಪಿಟೀಲು ಇಟ್ಟಿದ್ದರಂತೂ ಮರುಮಾತಿಲ್ಲದೆ ತಿರಸ್ಕರಿಸಿ. ಅಧ್ಯಾಯದ ಆರಂಭದಲ್ಲಿ ನಾಲ್ಕು ಸೆಕೆಂಡ್ ಸಂಗೀತ ಇದ್ದರೆ ಚಿಂತೆಯಿಲ್ಲ.

ಒಂದು ಮಾತು ಯಂತ್ರದ ಧ್ವನಿಯ ಬಗ್ಗೆ. ಈಗಿನವು ಎಷ್ಟು ನಯವೆಂದರೆ ಒಂದೆರಡು ವಾಕ್ಯದಲ್ಲಿ ಗುರುತು ಹತ್ತುವುದಿಲ್ಲ. ವಿವರದಲ್ಲಿ ವಾಚಕರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಇಸವಿ ಮತ್ತು ಸಂಕ್ಷೇಪ ಬರುವ ಜಾಗಕ್ಕೆ ಕಿವಿಗೊಡಿ. ‘1914–18’ ಎಂಬುದನ್ನು ಮನುಷ್ಯರು ‘ಹದಿನಾಲ್ಕರಿಂದ ಹದಿನೆಂಟರವರೆಗೆ’ ಎಂದು ಬಿಡಿಸಿ ಓದುತ್ತಾರೆ. ಯಂತ್ರ ಎರಡು ಸಂಖ್ಯೆಯನ್ನು ಬಿಡಿಬಿಡಿಯಾಗಿ ಉದುರಿಸಿ ಮುಂದೆ ಹೋಗಬಹುದು. ‘ಕ್ರಿ.ಪೂ.’ ಎಂಬುದನ್ನು ‘ಕ್ರಿ, ಪೂ’ ಎಂದು ಹಕ್ಕಿ ಕೂಗಿದಂತೆ ಕೂಗಿದ್ದನ್ನೂ ಕೇಳಿದ್ದೇನೆ. ವರದಿಯಂಥ ಪುಸ್ತಕಕ್ಕೆ ಬೇಕಿದ್ದರೆ ಸಹಿಸಿಕೊಳ್ಳಿ. ಕಾದಂಬರಿಗೆ ಬೇಡ.

ಹಣ ಕೊಡಲು ಮನಸ್ಸಿಲ್ಲದವರಿಗೆ ಅಡ್ಡದಾರಿಯೂ ಉಂಟು. 2005ರಲ್ಲಿ ಶುರುವಾದ ಜಾಲತಾಣ ಲಿಬ್ರಿವಾಕ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಇಟ್ಟಿದ್ದಾರೆ. ಅಲ್ಲಿ ಎಷ್ಟೋ ಪುಸ್ತಕಗಳಲ್ಲಿ ಅಧ್ಯಾಯಕ್ಕೊಬ್ಬರು ವಾಚಕರು. ಏಳನೆಯ ಅಧ್ಯಾಯದಲ್ಲಿ ನಾಯಕನ ಧ್ವನಿ ಬದಲಾದರೆ ಬೆಚ್ಚುವವರು ‘ಒಬ್ಬರೇ ಓದಿದ್ದು’ ಎಂಬುದನ್ನು ಮಾತ್ರ ಆರಿಸಿಕೊಳ್ಳಲಿ.

ಐದನೆಯದು: ಇಳಿಸಿಕೊಳ್ಳುವುದು

ವೈ-ಫೈ ಇರುವಾಗ ಪೂರ್ತಿ ಇಳಿಸಿಕೊಳ್ಳಿ. ಫೈಲಿನ ಆಯ್ಕೆ ಇದ್ದರೆ ಎಂ4ಬಿ (M4B) ಎಂಬ ಬಗೆಯನ್ನು ಆರಿಸಿ. ಒಂದೇ ಫೈಲಿನಲ್ಲಿ ಅಧ್ಯಾಯಗಳ ಗುರುತೂ ಇರುತ್ತದೆ. ಇತಿಹಾಸದ ಪುಸ್ತಕದ ಜೊತೆ ನಕ್ಷೆ, ವಂಶಾವಳಿಯ ಪಿಡಿಎಫ್ ಕೊಟ್ಟಿದ್ದರೆ ಅದನ್ನೂ ಈಗಲೇ ಇಳಿಸಿ, ಆಮೇಲೆ ಎಂದವರು ಯಾರೂ ಇಳಿಸಿದ್ದಿಲ್ಲ.

ಆರನೆಯದು: ವೇಗ

ಮೊದಲ ಅರ್ಧ ಗಂಟೆ ಇದ್ದ ವೇಗದಲ್ಲೇ ಕೇಳಿ, ಬೇಕೆನಿಸಿದರೆ ಆಮೇಲೆ 1.25ಕ್ಕೆ ಏರಿಸಿ. ನನ್ನ ಬಂಧುವೊಬ್ಬರು ಎಲ್ಲವನ್ನೂ ಎರಡು ಪಟ್ಟು ವೇಗದಲ್ಲಿ ಕೇಳಿ ವರ್ಷಕ್ಕೆ ಎಷ್ಟು ಪುಸ್ತಕ ಮುಗಿಸಿದೆ ಎಂದು ಲೆಕ್ಕ ಹೇಳುತ್ತಾರೆ. ಅದರಲ್ಲೊಂದು ಕಾದಂಬರಿಯ ಕೊನೆಯಲ್ಲಿ ಯಾರು ಸತ್ತರು ಎಂದು ಕೇಳಿದೆ. ಉತ್ತರ ಬರಲಿಲ್ಲ. ಕಾದಂಬರಿಯಲ್ಲಿ ವಾಚಕರ ಮೌನವೂ ಓದಿನ ಭಾಗ, ವೇಗ ಏರಿಸಿದಾಗ ಮೊದಲು ಕಾಣೆಯಾಗುವುದು ಅದೇ. ‘ಮೌನ ಕತ್ತರಿಸು’ ಎಂಬ ಸೌಲಭ್ಯವನ್ನು ಕೆಲವು ಆ್ಯಪ್‌ಗಳು ಹೆಮ್ಮೆಯಿಂದ ಕೊಡುತ್ತವೆ. ಅದನ್ನು ನಿಲ್ಲಿಸಿಬಿಡಿ.

ಏಳನೆಯದು: ಒಂದು ಚೀಟಿ, ಒಂದು ಟೈಮರ್

ಇತಿಹಾಸ ಕೇಳುವವರು ಮೊದಲ ಎರಡು ಅಧ್ಯಾಯದಲ್ಲಿ ಬರುವ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಹೆಸರು, ಯಾರ ಕಡೆಯವರು, ಅಷ್ಟೇ. ಹತ್ತು ಸಾಲು ದಾಟಬೇಡಿ. ಮುಂದೆ ಅದೇ ಹೆಸರಿನ ಮೊಮ್ಮಗ ಪಟ್ಟಕ್ಕೆ ಬಂದಾಗ ಈ ಚೀಟಿ ನಿಮ್ಮನ್ನು ಕಾಪಾಡುತ್ತದೆ.

ಮಲಗುವಾಗ ಕೇಳುವುದಾದರೆ, ಓದನ್ನು ತಾನಾಗಿ ನಿಲ್ಲಿಸುವ ಸ್ಲೀಪ್ ಟೈಮರನ್ನು ‘ಅಧ್ಯಾಯ ಮುಗಿಯುವವರೆಗೆ’ ಎಂದು ಇಡಬೇಡಿ. ಇತಿಹಾಸದ ಒಂದು ಅಧ್ಯಾಯ ಒಂದು ಗಂಟೆ ಇರಬಹುದು. ನೀವು ಹತ್ತನೆಯ ನಿಮಿಷಕ್ಕೆ ನಿದ್ದೆ ಹೋದರೆ, ಬೆಳಿಗ್ಗೆ ಏಳುವಷ್ಟರಲ್ಲಿ ಒಂದು ಯುದ್ಧ, ಎರಡು ಒಪ್ಪಂದ ಮುಗಿದಿರುತ್ತವೆ. ಹದಿನೈದು ನಿಮಿಷಕ್ಕೆ ಇಡಿ. ಮರುದಿನ ಹದಿನೈದು ನಿಮಿಷ ಹಿಂದಕ್ಕೆ ಹೋಗಿ, ನೆನಪಿರುವ ಕೊನೆಯ ವಾಕ್ಯ ಸಿಕ್ಕಿದ ಕಡೆಯಿಂದ ಮುಂದುವರಿಸಿ.